ಬಿಳಿಯ ಮೇಲೆ ಮೂರು ಬೆರಳು

ನಮ್ಮದು ಸ್ಟೀಲ್ ಪಾತ್ರೆಗಳ ಅಂಗಡಿ. ಪಾತ್ರೆ ಕೈಜಾರಿ ಬಿದ್ದರೆ ಓಣಿಗೆಲ್ಲ ಕೇಳುವಂತೆ ಸದ್ದು ಮಾಡಬೇಕು, ತೀರ ಅಂದರೆ ಒಂದು ನೆಗ್ಗು ಬೀಳಬೇಕು, ಆಮೇಲೆ ಮೊಮ್ಮಕ್ಕಳ ಕಾಲದ ತನಕ ದುಡಿಯಬೇಕು. ಬಿದ್ದ ಕೂಡಲೇ ಪ್ರಾಣ ಬಿಡುವ ವಸ್ತುವನ್ನು ಮಾರುವುದು ವ್ಯಾಪಾರವೇ ಅಲ್ಲ ಎಂದು ನಂಬಿದವನು ನಾನು. ಹೀಗಾಗಿ ನಮ್ಮಣ್ಣ ನೀಲಕಂಠಪ್ಪನ ಮಗಳು ದಾಕ್ಷಾಯಿಣಿ ಪಿಂಗಾಣಿ ತಾಟು ಬಟ್ಟಲುಗಳ ವಿನ್ಯಾಸ ಕಲಿಯುತ್ತೇನೆಂದು ಅಹಮದಾಬಾದಿಗೆ ಹೊರಟಾಗ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಸಿಟ್ಟಾದವನು ನಾನೇ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ರೈಲು ಹೊರಡುವವರೆಗೂ ಹೇಳುತ್ತಲೇ ಇದ್ದೆ. ಅವಳು ಕಿಟಕಿಯಿಂದ ಕೈ ಬೀಸಿ ನಕ್ಕಳು.

ಕಲಿತು ಮುಗಿಸಿ ರಾಜಸ್ಥಾನದ ಒಂದು ದೊಡ್ಡ ಕಾರ್ಖಾನೆ ಸೇರಿದಳು. ಊಟದ ಸೆಟ್ಟು, ಚಹಾದ ಕಪ್ಪು, ಹೂದಾನಿ, ಟೇಬಲ್ ದೀಪದ ಬುಡ, ಹೀಗೆ ಮನೆಯಲ್ಲಿಡುವ ಎಲ್ಲದರ ಆಕಾರವನ್ನು ಇವಳು ಕಾಗದದ ಮೇಲೆ ಬರೆಯುವುದು, ಯಂತ್ರಗಳು ಅದನ್ನು ರಾಶಿಗಟ್ಟಲೆ ಮಾಡಿ ಹಾಕುವುದು. ಒಮ್ಮೆ ನಮ್ಮ ಹುಬ್ಬಳ್ಳಿಯ ಮಾಲಿನಲ್ಲೇ ಅವಳು ಬರೆದ ಚಹಾದ ಕಪ್ಪೊಂದು ನನ್ನ ಕಣ್ಣಿಗೆ ಬಿತ್ತು. ಇದು ನಮ್ಮ ಹುಡುಗಿ ಮಾಡಿದ್ದು ಎಂದು ಅಂಗಡಿಯಾಕೆಗೆ ಹೇಳಿದರೆ, ಡಿಸ್ಕೌಂಟಿಗಾಗಿ ನೆಪ ತೆಗೆದಿದ್ದೇನೆ ಅಂದುಕೊಂಡಳು ಪಾಪ. ಒಳಗೊಳಗೇ ಹೆಮ್ಮೆಯಾಗಿತ್ತು. ಹೊರಗೆ ಒಪ್ಪಿಕೊಳ್ಳುವ ಸ್ವಭಾವ ನನ್ನದಲ್ಲ.

ಆದರೆ ಆ ಕಾರ್ಖಾನೆಯ ಮಣ್ಣಿಗೆ ದನದ ಎಲುಬಿನ ಬೂದಿ ಬೆರೆಸುತ್ತಾರೆಂಬ ಸುದ್ದಿ ನಮ್ಮವ್ವ, ಅಂದರೆ ಅವಳ ಆಯಿ, ಮುರಿಗೆವ್ವನ ಕಿವಿಗೆ ಹೇಗೋ ಬಿತ್ತು. ಲಿಂಗಪೂಜೆ ಮಾಡದೆ ಗುಟುಕು ನೀರು ಕುಡಿಯದ ಹೆಂಗಸು ಅವಳು. ಮೊಮ್ಮಗಳು ಪ್ರೀತಿಯಿಂದ ಕಳಿಸಿದ್ದ ಸೆಟ್ಟನ್ನು ಗಂಟು ಕಟ್ಟಿ ಅಟ್ಟಕ್ಕೆ ಹಾಕಿಸಿಬಿಟ್ಟಳು. ದಾಕ್ಷಾಯಿಣಿ ದೀಪಾವಳಿಗೆ ಬಂದಾಗ ಆ ಗಂಟು ನೋಡಿದಳು.  ಮುಂದಿನ ವರ್ಷ ನೌಕರಿ ಬಿಟ್ಟು ಊರಿಗೇ ಬಂದಳು. ಯಾಕವ್ವ, ಹುಚ್ಚು ಗಿಚ್ಚು ಹಿಡಿದಿದೆಯೇ ಎಂದು ನಾನು ಕೇಳಿದ್ದಕ್ಕೆ, "ನಮ್ಮ ಆಯಿ ಉಣ್ಣಲಾರದ ತಾಟು ಎಷ್ಟು ಮಾಡಿದರ ಏನ್ ಬಂತು, ಕಾಕಾ?" ಎಂದಳು.

ಸುಳ್ಳ ಎಂಬ ಹಳ್ಳಿಗೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಹತ್ತಿ ಗೋದಾಮು ಖಾಲಿ ಬಿದ್ದಿತ್ತು. ಅಲ್ಲಿ ಅವಳು ಗ್ಯಾಸಿನ ಭಟ್ಟಿ ಕಟ್ಟಿಸಿದಳು. ಅಣ್ಣ ಮಾತು ಕಡಿಮೆಯ ಮನುಷ್ಯ. ಹತ್ತಿ ವ್ಯಾಪಾರದಲ್ಲಿ ಬಾಯಿಗಿಂತ, ಟವೆಲ್ಲಿನಡಿ ದರ ಕುದುರಿಸುವ ಕೈ ಹೆಚ್ಚು ಆಡಿಸಿದವನು. ಬರುವ ದೀಪಾವಳಿಯೊಳಗೆ ಒಂದು ಗಟ್ಟಿ ಆರ್ಡರು ಹಿಡಿಯಬೇಕು, ಇಲ್ಲದಿದ್ದರೆ ಗೋದಾಮು ಬೀಜ ಗೊಬ್ಬರದ ಗುರುಶಿದ್ದಪ್ಪನಿಗೆ ಬಾಡಿಗೆಗೆ, ಅವಳು ವಾಪಸ್ಸು ರಾಜಸ್ಥಾನಕ್ಕೆ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ. ಅವಳು ಆಯ್ತು ಅಂದಳು.

ಮೊದಲ ಸಲ ಗೋದಾಮಿಗೆ ಹೋದ ದಿನ ಹಲಗೆಯ ಮೇಲೆ ಒಣಗಲು ಇಟ್ಟ ತಾಟುಗಳಿದ್ದವು. ಪಾತ್ರೆ ಕಂಡರೆ ಬೆರಳಿನ ಗೆಣ್ಣಿನಿಂದ ಬಾರಿಸಿ ಸದ್ದು ಕೇಳುವುದು ನನ್ನ ಚಟ. ಕೈ ಮುಂದೆ ಹೋಗುವಷ್ಟರಲ್ಲಿ ಅವಳು ತಡೆದಳು. ಹಸಿ ಮಣ್ಣು ತನಗಾದ ಪೆಟ್ಟನ್ನು ಮರೆಯುವುದಿಲ್ಲವಂತೆ. ಬಾಗಿದ್ದನ್ನು ಈಗ ನೆಟ್ಟಗೆ ಮಾಡಿದರೂ ಬೆಂಕಿಯೊಳಗೆ ಹೋದಾಗ ನೆನಪು ಮಾಡಿಕೊಂಡು ಮತ್ತೆ ಬಾಗುತ್ತದಂತೆ. ಸ್ಟೀಲಿಗೆ ಇಂಥ ಸೊಕ್ಕಿಲ್ಲ ಎಂದೆ. ಸೊಕ್ಕಲ್ಲ ಕಾಕಾ, ನೆನಪು ಅಂದಳು. ಎಲುಬು ಗಿಲುಬು ಏನೂ ಇಲ್ಲ, ಬರೀ ಬಿಳಿ ಮಣ್ಣು ಮತ್ತು ಕಲ್ಲಿನ ಪುಡಿ ಎಂದು ಮಣ್ಣಿನ ಮುದ್ದೆಯನ್ನು ನನ್ನ ಕೈಗೆ ಕೊಟ್ಟಳು. ಬೆಣ್ಣೆಯಷ್ಟು ನುಣುಪು.

ಆಮೇಲೆ ಬಗ್ಗಿ ತಾಟಿನ ಆಕಾರ ನೋಡಿದೆ. ನಮ್ಮ ಮನೆಗಳಲ್ಲಿ ಹಿರಿಯರು ಉಣ್ಣುವಾಗ ತಾಟನ್ನು ನೆಲಕ್ಕಿಡುವುದಿಲ್ಲ, ಅಡ್ಡಣಿಗೆ ಎಂಬ ಮೂರು ಕಾಲಿನ ಸಣ್ಣ ಪೀಠದ ಮೇಲಿಡುತ್ತಾರೆ. ಉಂಡಾದ ಮೇಲೆ ಒಂದಗುಳೂ ಬಿಡದೆ ತಾಟು ಒರೆಸಿ, ನೀರು ಹಾಕಿ ತೊಳೆದು, ಆ ನೀರನ್ನೂ ಕುಡಿಯುತ್ತಾರೆ. ಪ್ರಸಾದ ಚೆಲ್ಲಬಾರದು. ಇವಳ ತಾಟಿನ ತಳದಲ್ಲೇ ಅಡ್ಡಣಿಗೆಯ ಮೂರು ಕಾಲು ಕೂಡಿಕೊಂಡು ಬಂದಿದ್ದವು. ಅಂಚು ಮೆಲ್ಲಗೆ ಮೇಲೆದ್ದು ಒಂದು ಕಡೆ ತುಟಿಗೆ ಹೊಂದುವಂತೆ ಸಣ್ಣಗಾಗಿತ್ತು. ನಾನು ಅರವತ್ತು ವರ್ಷ ಉಂಡ ಊಟವನ್ನು ಇವಳು ಯಾವಾಗ ಕೂತು ನೋಡಿದಳೋ ಗೊತ್ತಿಲ್ಲ.

ಅದೇ ವಾರ ಭಟ್ಟಿ ಹಚ್ಚಿದಾಗ ಕಪ್ಪು ಕನ್ನಡಕ ಕೊಟ್ಟು ಸಣ್ಣ ಕಿಂಡಿಯಲ್ಲಿ ನೋಡಲು ಹೇಳಿದಳು. ಬೆಂಕಿ ಕೆಂಪಗಿರುತ್ತದೆ ಎಂದು ತಿಳಿದಿದ್ದೆ. ಒಳಗೆ ಕೆಂಪಿರಲಿಲ್ಲ, ಹಳದಿಯೂ ಇರಲಿಲ್ಲ. ಉರಿ ಬೇರೆ ತಾಟು ಬೇರೆ ಎಂದು ಹೇಳಲಾಗದ ಹಾಗೆ ಬೆಳಕೇ ತಾಟಿನ ಆಕಾರದಲ್ಲಿ ಸಾಲಾಗಿ ಕೂತಿತ್ತು. ಖರೆ ಹೇಳುತ್ತೇನೆ, ದೇವರ ಮನೆಗೆ ಚಪ್ಪಲಿ ಹಾಕಿಕೊಂಡು ಹೊಕ್ಕವನ ಹಾಗೆ ಹಿಂದೆ ಸರಿದೆ.

ಅಷ್ಟೆಲ್ಲ ಆಗಿಯೂ ಆ ಸಲ ತಾಟುಗಳು ಸೊಟ್ಟಗಾಗಿ ಹೊರಬಂದವು. ಮುಂದಿನ ಸಲ ಸೀಳು ಬಿಟ್ಟವು. ದೀಪಾವಳಿ ಹತ್ತಿರ ಬರುತ್ತಿತ್ತು. ಅಷ್ಟರಲ್ಲಿ ಗೋವಾದ ಒಂದು ದೊಡ್ಡ ಹೋಟೆಲಿಗೆ ಸಾಮಾನು ಆರಿಸುವ ಅಂಬರೀಷ ಎಂಬುವರು ಇವಳ ತಾಟಿನ ಫೋಟೋ ನೋಡಿ, ಹುಬ್ಬಳ್ಳಿಗೇ ಬಂದು ನೋಡುತ್ತೇನೆ ಎಂದರು. ಹೋಟೆಲಿನ ಪ್ರತಿ ಮೇಜಿಗೂ ತಾಟು ಬೇಕಿತ್ತು. ಈ ಸಲದ ಭಟ್ಟಿ ಕೆಟ್ಟರೆ ಮುಂದಿನದಕ್ಕೆ ಸಮಯವಿರಲಿಲ್ಲ.

ಭಟ್ಟಿ ತುಂಬುವ ದಿನ ನಾನು ಬುತ್ತಿ ತೆಗೆದುಕೊಂಡು ಹೊರಟೆ. ನಾನೂ ಬರುತ್ತೇನೆ ಎಂದು ಅವ್ವ ಹಟ ಹಿಡಿದಳು. ಕಣ್ಣಿಗೆ ಪೊರೆ ಬಂದು, ತಡವಾಗಿ ಮಾಡಿಸಿದ ಆಪರೇಷನ್ ಗುಣ ಕೊಡದೆ, ಅವಳಿಗೆ ಬೆಳಕು ಮತ್ತು ನೆರಳು ಬಿಟ್ಟರೆ ಏನೂ ಕಾಣುವುದಿಲ್ಲ. ನಾವು ಹೋದಾಗ ದಾಕ್ಷಾಯಿಣಿ ಹೊರಗೆ ಸಿಲಿಂಡರು ಜೋಡಿಸುವವರ ಜೊತೆ ಇದ್ದಳು. ಒಳಗೆ ಬಿಳಿಯ ಲೇಪದಲ್ಲಿ ಅದ್ದಿ ಒಣಗಿಸಿದ ತಾಟುಗಳು ಭಟ್ಟಿ ಸೇರಲು ಕಾದಿದ್ದವು. ಅವ್ವ ಸಂಚಿಯಿಂದ ವಿಭೂತಿ ಗಟ್ಟಿ ತೆಗೆದಳು, ನೀರು ಹಚ್ಚಿ ತಿಕ್ಕಿದಳು, ಮೂರು ಬೆರಳು ಜೋಡಿಸಿ ತಾಟು ಎಲ್ಲಿ ಎಂದು ಕೇಳಿದಳು.

ನಮ್ಮಲ್ಲಿ ಹೊಸ ತಕ್ಕಡಿ ಬಂದರೂ ವಿಭೂತಿ, ಹೊಸ ಸ್ಕೂಟರು ಬಂದರೂ ವಿಭೂತಿ. ಅಂಗಡಿಯ ಕುಕ್ಕರುಗಳಿಗೂ ನಾನು ಹಬ್ಬಕ್ಕೆ ಹಚ್ಚುತ್ತೇನೆ, ಆಮೇಲೆ ಒರೆಸಿ ಮಾರುತ್ತೇನೆ. ಇದರಲ್ಲಿ ವಿಚಾರ ಮಾಡುವಂಥದ್ದು ಏನಿದೆ ಎನಿಸಿತು. ಅವ್ವನ ಕೈ ಹಿಡಿದು ಒಂದು ತಾಟಿನಿಂದ ಇನ್ನೊಂದಕ್ಕೆ ಕರೆದೊಯ್ದೆ. ಈ ಸಲ ಒಡೆಯದಿರಲಿ ಶಿವನೇ ಎಂದು ಗೊಣಗುತ್ತ ಅವಳು ದೊಡ್ಡ ತಾಟುಗಳಿಗೆಲ್ಲ ಮೂರು ಗೆರೆ ಎಳೆದಳು. ಮೇಲಿನ ಹಲಗೆಯ ಕೆಲವಕ್ಕೆ ಕೈ ಎಟುಕಲಿಲ್ಲ. ಬಿಳಿಯ ಮೇಲೆ ಬಿಳಿ, ಒಣಗಿದ ಮೇಲೆ ಕಣ್ಣಿದ್ದವರಿಗೂ ಕಾಣಲಿಲ್ಲ. ದಾಕ್ಷಾಯಿಣಿ ಬಂದು ಅವಸರದಲ್ಲಿ ಎಲ್ಲವನ್ನೂ ಒಳಗಿಟ್ಟು ಬಾಗಿಲು ಹಾಕಿದಳು.

ಭಟ್ಟಿ ಆರಿ ಬಾಗಿಲು ತೆಗೆದ ದಿನ ಅಣ್ಣನೂ ಬಂದಿದ್ದ. ಅಂಬರೀಷ ಸ್ಟೇಷನ್ನಿಗೆ ಇಳಿದಿದ್ದೇನೆ ಎಂದು ಫೋನು ಮಾಡಿದ್ದರು. ದಾಕ್ಷಾಯಿಣಿ ಮೊದಲ ತಾಟು ಎತ್ತಿ ಬೆಳಕಿಗೆ ಹಿಡಿದಳು. ಸೊಟ್ಟಾಗಿರಲಿಲ್ಲ, ಸೀಳಿರಲಿಲ್ಲ. ಆದರೆ ಹಾಲಿನಂಥ ಬಿಳುಪಿನ ನಡುವೆ ಅಡ್ಡಲಾಗಿ ಮೂರು ಗೆರೆಗಳು, ಆಗತಾನೆ ಮೊಳೆತ ಜೋಳದ ಎಳೆ ಹಸಿರು ಬಣ್ಣ. ಗೆರೆಯ ಒಂದು ತುದಿಯಲ್ಲಿ ಬೆರಳೂರಿದ ಗುರುತು, ಇನ್ನೊಂದು ತುದಿಯಲ್ಲಿ ಅದು ಕರಗಿ ಸಣ್ಣ ಹನಿಯ ಆಕಾರದಲ್ಲಿ ಲೇಪದೊಳಗೆ ಇಳಿದಿತ್ತು. ಎರಡನೆಯ ತಾಟಿನಲ್ಲೂ ಹಾಗೆಯೇ, ಮೂರನೆಯದರಲ್ಲೂ.

ಯಾರು ಮುಟ್ಟಿದ್ದರು ಎಂದು ಕೇಳಿದಳು. ನಡೆದದ್ದನ್ನು ಹೇಳಿದೆ. ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಅವಳು ತಾಟನ್ನು ಎದೆಗವಚಿಕೊಂಡು ನೆಲದ ಮೇಲೆ ಕೂತುಬಿಟ್ಟಳು.

"ಸಗಣಿ ಸುಟ್ಟ ಬೂದಿ ಕಾಕಾ ಅದು. ಇಷ್ಟು ಬೆಂಕ್ಯಾಗ ಬೂದಿ ಕರಗಿ ಗಾಜ ಆಗತೈತಿ. ಸಾಲ್ಯಾಗ ಓದಿದ್ದೆ. ಹಿಂಗ ಅಂತ ಗೊತ್ತಿರಲಿಲ್ಲ."

ನಮಗೂ ಗೊತ್ತಿರಲಿಲ್ಲ. ದಿನಾ ಹಣೆಗೆ ಹಚ್ಚಿ ಸಂಜೆಗೆ ಅಳಿಸಿ ಹೋಗುವ ವಸ್ತು, ಇನ್ನು ಲೋಕ ಇರುವ ತನಕ ಅಳಿಯದಂತೆ ಕಲ್ಲಿನೊಳಗೆ ಹೋಗಿ ಕೂತಿತ್ತು. ಅಣ್ಣ ತನ್ನ ಹಣೆ ಮುಟ್ಟಿಕೊಂಡು ನೋಡಿದ. 

ಅಂಬರೀಷ ಬಂದವರು ಗೆರೆಯ ತಾಟು ಕೆಳಗಿಡಲೇ ಇಲ್ಲ. ಒಳ್ಳೆಯ ಮನುಷ್ಯ, ಮೆಲುಮಾತು. ಇಡೀ ಹೋಟೆಲಿಗೆ ಇದೇ ಬೇಕು, ಹೀಗೆಯೇ ಮೂರು ಗೆರೆ ಇರಬೇಕು, ಬ್ರಷ್ಷಿನಿಂದ ಎಳೆದರೂ ನಡೆಯುತ್ತದೆ ಎಂದರು. ಶಿವ ಕಣ್ಣು ಬಿಟ್ಟ ಎಂದುಕೊಂಡೆ. ದಾಕ್ಷಾಯಿಣಿ, ಇದರಲ್ಲಿ ಏನೇನು ಬಡಿಸುತ್ತೀರಿ ಎಂದು ಕೇಳಿದಳು. ಸಮುದ್ರದ ದಂಡೆಯ ಹೋಟೆಲು, ಮೀನು ಮಾಂಸ ಎಲ್ಲ ಇರುತ್ತದೆ ಎಂದು ಅವರು ನಕ್ಕರು. ಅವಳು ಅವ್ವನ ಕೈ ಎಟುಕದೆ ಉಳಿದಿದ್ದ, ಗೆರೆಯಿಲ್ಲದ ತಾಟೊಂದನ್ನು ತಂದು ಅವರ ಮುಂದಿಟ್ಟಳು.

"ಇದನ್ನ ತಗೊಂಡು ಹೋಗ್ರಿ. ಇದು ನಾ ಮಾಡಿದ್ದು, ಇದರಾಗ ಯಾರರ ಏನರ ಉಣ್ಣಲಿ, ನನಗ ಸಂತೋಷನ. ಆ ಗೆರಿ ನಂದಲ್ರಿ. ನಮ್ಮ ಆಯಿ ನನ್ನ ಸಲುವಾಗಿ ಬೇಡಿಕೊಂಡು ಎಳದಾಳ. ಅದನ್ನ ನಕಲ ಮಾಡಿ ಮಾರಾಕ ನನಗ ಆಗೂದಿಲ್ರಿ."

ಅವರು ಬಹಳ ಹೊತ್ತು ಒಲಿಸಿ ನೋಡಿದರು, ಕೊನೆಗೆ ಬಿಳಿಯ ತಾಟನ್ನೇ ಜೋಪಾನವಾಗಿ ಕಟ್ಟಿಸಿಕೊಂಡು ಹೋದರು. ಮನೆಗೆ ಮರಳುವಾಗ ಕಾರಿನಲ್ಲಿ ನಾನು ಅವಳ ಮೇಲೆ ಹರಿಹಾಯ್ದೆ. ಕೈಗೆ ಬಂದ ತುತ್ತು, ಒದ್ದು ಕಳಿಸಿದೆಯಲ್ಲ ತಾಯಿ, ಅವ್ವನಿಗೆ ಕಣ್ಣೇ ಕಾಣುವುದಿಲ್ಲ, ಗೋವಾದಲ್ಲಿ ಯಾರು ಏನು ಉಂಡರೆ ಯಾರಿಗೆ ತಿಳಿಯುತ್ತದೆ ಎಂದು ಸುಳ್ಳ ರಸ್ತೆಯಿಂದ ಕಮರಿಪೇಟೆಯ ತನಕ ಬೈದೆ. ಅಣ್ಣ ಹೊರಗೆ ನೋಡುತ್ತ ಕೂತಿದ್ದ. ಅವನ ಮುಖದಲ್ಲಿ ಏನೂ ಓದಲಾಗಲಿಲ್ಲ.

ಅದಕ್ಕಿಂತ ಸಂಕಟದ್ದು ಮನೆಯಲ್ಲಿ ನಡೆಯಿತು. ದಾಕ್ಷಾಯಿಣಿ ಗೆರೆಯ ತಾಟನ್ನು ಅವ್ವನ ಮಡಿಲಿಗಿಟ್ಟಳು. ಅವ್ವ ಬೆರಳಾಡಿಸಿದಳು. ಕರಗಿದ ಗೆರೆ ಲೇಪದೊಳಗೆ ಹೋಗಿದೆ, ಕೈಗೆ ಹತ್ತುವುದು ಬರೀ ನುಣುಪು. ಮತ್ತೆ ಮತ್ತೆ ಸವರಿದಳು.

"ಅಳಿಸಿಬಿಟ್ಟಿ ಏನವಾ?" ಎಂದಳು.

ಇಲ್ಲ ಆಯಿ, ಒಳಗ ಐತಿ ಎಂದು ಮೊಮ್ಮಗಳು ಎಷ್ಟು ಹೇಳಿದರೂ, ಇರಲಿ ಬಿಡವ್ವ, ನಿನ್ನ ಕೆಲಸಕ್ಕೆ ಅಡ್ಡಿ ಆಗಿರಬೇಕು ಎಂದು ತಾಟನ್ನು ತಿರುಗಿ ಕೊಟ್ಟಳು. ದಾಕ್ಷಾಯಿಣಿ ಒಳಗೆ ಹೋಗಿ ಅತ್ತಳು. ಆರ್ಡರು ಬಿಟ್ಟಾಗ ಅತ್ತಿರಲಿಲ್ಲ.

ಹಬ್ಬದ ಹಿಂದಿನ ದಿನ ಗೋವಾದಿಂದ ಫೋನು ಬಂತು. ಹೋಟೆಲಿನವರಿಗೆ ಗೆರೆಯದೇ ಬೇಕಂತೆ, ಬರೀ ಬಿಳಿಯದು ಬೇಡವಂತೆ. ಹಬ್ಬ ಮುಗಿದ ಮರುದಿನ ಗುರುಶಿದ್ದಪ್ಪ ಕೀಲಿಕೈಗೆ ಬರುವವನಿದ್ದ. ದಾಕ್ಷಾಯಿಣಿ ರಾಜಸ್ಥಾನದ ಕಾರ್ಖಾನೆಗೆ ಫೋನು ಮಾಡಿ ಜಾಗ ಇದೆಯೇ ಎಂದು ವಿಚಾರಿಸಿದ್ದನ್ನು ನಾನು ಕೇಳಿಸಿಕೊಂಡೆ.

ಹಬ್ಬದ ದಿನ ಮಧ್ಯಾಹ್ನ ಎಲ್ಲರೂ ಪಡಸಾಲೆಯಲ್ಲಿ ಊಟಕ್ಕೆ ಕೂತೆವು. ಮೇಲೆ ಬೆಳಕಿಂಡಿಯಿಂದ ಬಿಸಿಲು ನೇರವಾಗಿ ಬೀಳುತ್ತಿತ್ತು. ಅಣ್ಣನ ಎದುರಿಗೆ ಎಂದಿನಂತೆ ಅಡ್ಡಣಿಗೆ, ಅದರ ಮೇಲೆ ಅಪ್ಪನ ಕಾಲದ ಹಿತ್ತಾಳೆ ತಾಟು. ಅವನು ಎರಡನ್ನೂ ಪಕ್ಕಕ್ಕೆ ಸರಿಸಿ, "ದಾಕ್ಷಾ, ನೀ ಮಾಡಿದ ತಾಟ ತಾ" ಎಂದ.

ಅವಳು ಮೂರು ಗೆರೆಯ ತಾಟು ತಂದಿಟ್ಟಳು. ಹೋಳಿಗೆ ಬಡಿಸಿದಳು, ಅನ್ನ ಸಾರು ಬಡಿಸಿದಳು. ಅಣ್ಣ ಎಂದಿನಂತೆ ಮಾತಿಲ್ಲದೆ ಉಂಡ. ಬೆರಳಿನಿಂದ ತಾಟನ್ನು ಒರೆಸಿದ. ಚೊಂಬಿನ ನೀರು ಹಾಕಿ ಸುತ್ತ ತಿರುಗಿಸಿ, ಎರಡೂ ಕೈಯಲ್ಲಿ ಎತ್ತಿ ತುಟಿಗೆ ಹಚ್ಚಿದ. ಅಂಚು ಸರಿಯಾಗಿ ಕೂತಿತು, ಒಂದು ಹನಿ ಚೆಲ್ಲಲಿಲ್ಲ.

ಬೆಳಕಿಂಡಿಯ ಬಿಸಿಲು ತಾಟಿನೊಳಗೆ ಬಿತ್ತು. ಪಿಂಗಾಣಿ ಒಳ್ಳೆಯದಾದರೆ ಬೆಳಕು ಹಾಯುತ್ತದೆ ಎಂದು ಅವಳು ಹಿಂದೆ ಹೇಳಿದ್ದಳು, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಎದುರು ಕೂತ ನಮಗೆ ಇಡೀ ತಾಟು ಹಚ್ಚಿದ ದೀಪದಂತೆ ಬೆಳಗಿತು. ಅಣ್ಣನ ಬೆರಳುಗಳ ನೆರಳು ಹೊರಗಿನಿಂದಲೇ ಕಂಡಿತು. ಆ ಬೆಳಕಿನ ನಡುವೆ ನೆರಳಿನಂತೆ ಮೂರು ಹಸಿರು ಗೆರೆಗಳು.

ನನ್ನ ಪಕ್ಕದಲ್ಲಿದ್ದ ಅವ್ವ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟಳು.

"ಕಾಣಾಕತ್ತಾವ," ಎಂದಳು. "ಯವ್ವಾ ದಾಕ್ಷಾ, ಕಾಣಾಕತ್ತಾವ."

ನೀರು ಮುಗಿದಿತ್ತು. ಆದರೂ ಅಣ್ಣ ತಾಟನ್ನು ಇಳಿಸಲಿಲ್ಲ, ಅವ್ವನ ಕಡೆಗೆ ಇನ್ನಷ್ಟು ತಿರುಗಿಸಿ ಹಿಡಿದ.  ತಾಟಿನ ಹಿಂದಿನಿಂದಲೇ ನನಗೆ ಹೇಳಿದ.

"ಗುರುಶಿದ್ದಪ್ಪಗ ಬ್ಯಾರೆ ಗೋದಾಮು ನೋಡ್ಕೋ ಅಂತ ಹೇಳು. ಏನ್ ಮಾರಬಾರದು ಅಂತ ಅಕಿಗೆ ಗೊತ್ತೈತಿ. ಮಾರೂದನ್ನ ನಿಧಾನಕ ಕಲೀತಾಳ."

ಆಗಲಿ ಎಂದೆ. ದಾಕ್ಷಾಯಿಣಿ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು, ಸಾರು ಹನಿಯುತ್ತಿದ್ದುದು ಅವಳಿಗೆ ತಿಳಿದಿರಲಿಲ್ಲ. ಅವ್ವ ಮೂರು ಬೆರಳು ಜೋಡಿಸಿ, ಮುಟ್ಟದೆ, ಗಾಳಿಯಲ್ಲೇ ಆ ಗೆರೆಗಳಿಗೆ ಅಳತೆ ಹಿಡಿದಳು. ಅಣ್ಣ ತಾಟನ್ನು ಹಾಗೆಯೇ ಹಿಡಿದುಕೊಂಡಿದ್ದ.