ಕಣ್ಣ ಕುರುವಿಗೆ ಮಗ್ಗದ ಚಿಮಟಾ

ನಮ್ಮಕ್ಕ ಜಯಶ್ರೀಯ ಎಡಗಣ್ಣಿನ ರೆಪ್ಪೆಯಂಚಿಗೆ ಒಂದು ಕೆಂಪು ಕುರು ಎದ್ದಿತು. ಜೋಳದ ಕಾಳಿನಷ್ಟು. ಇಳಕಲ್ಲಿನ ನಮ್ಮ ಓಣಿಯಲ್ಲಿ ಕಣ್ಣ ಕುರು ಆಗದವರು ಯಾರಿದ್ದಾರೆ? ಆದರೂ ಆದವರನ್ನು ಕಂಡರೆ ಎಲ್ಲರೂ ಕೇಳುವುದು ಒಂದೇ, ಯಾರನ್ನ ಕದ್ದು ನೋಡಿದಿ ಅಂತ.

ಎಲ್ಲರಿಗಿಂತ ಮೊದಲು ಕೇಳಿದವನು ನಾನೇ, ಅವಳ ತಮ್ಮ ಗೌತಮ. ಅಕ್ಕ ಮಗ್ಗದ ಮುಂದೆ ಕೂತಾಗ ಮೊಬೈಲ್ ಹಿಡಿದು, ಸಿನಿಮಾದ ಖಳನಾಯಕನ ದನಿ ತೆಗೆದೆ.

"ಈ ರಾಣಿಗೆ ಇರೂದು ಒಂದ ಕಣ್ಣು. ಆದ್ರ ಅದು ಯಾರ ಮ್ಯಾಲೆ ಬಿತ್ತು, ಅವ್ರು ಮತ್ತ ಎದ್ದಿಲ್ಲ."

ಹಿಂದೆ ಡೋಲಿನ ಸದ್ದು ಸೇರಿಸಿ ಸ್ಟೇಟಸ್ ಇಟ್ಟೆ. ಸಂಜೆಯೊಳಗೆ ಓಣಿಯೆಲ್ಲ ನಕ್ಕಿತು. ಅಕ್ಕ ಓಡ್ನಿಯಿಂದ ಮುಖ ಮುಚ್ಚಿಕೊಂಡು ಒಳಗೆ ಸೇರಿದಳು.

ಅಕ್ಕನ ಕೆಲಸ ಕೊಂಡಿ ಹಾಕುವುದು. ಅಂದರೆ ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಕೂಡಿಸುವುದು. ಸಾವಿರಾರು ಎಳೆ. ಎಳೆ ಜಾರದಂತೆ ಹೊಸೆಯಲು ಬೆರಳಿಗೆ ಬೂದಿ ಹಚ್ಚಿಕೊಳ್ಳುತ್ತಿದ್ದಳು. ಕಣ್ಣು ತುರಿಸಿದರೆ ಉಜ್ಜುತ್ತಿದ್ದುದೂ ಅದೇ ಬೆರಳಿನಿಂದ. ಅವ್ವನಿಗೂ ಅವಳಿಗೂ ಕಾಡಿಗೆ ಡಬ್ಬಿ ಒಂದೇ.

ಮರುದಿನ ಆಶಾ ಕಾರ್ಯಕರ್ತೆ ಆಫ್ರೀನ ಬಂದಳು. ಕಣ್ಣು ನೋಡಿದಳು.

"ಯಾರನ್ನ ನೋಡಿದ್ರೂ ಇದು ಬರಂಗಿಲ್ಲ, ಚಿಗವ್ವಾ. ರೆಪ್ಪಿ ಬುಡದಾಗ ಹೊಲಸು ಸೇರಿ ಕೀವು ಆಗೇತಿ. ಸ್ವಚ್ಛ ಅರಿವಿ ಬೆಚ್ಚನ ನೀರಾಗ ಅದ್ದಿ ಹಿಂಡ್ರಿ. ಕಣ್ಣು ಮುಚ್ಚಿಸಿ ಹತ್ತ ನಿಮಿಷ ಇಡ್ರಿ. ದಿನಕ್ಕ ಮೂರ್ನಾಕ ಸಲ. ಹಿಚುಕಬ್ಯಾಡ್ರಿ, ಚುಚ್ಚಬ್ಯಾಡ್ರಿ."

ನಮ್ಮವ್ವ ಸುಂದರವ್ವ ಮಗ್ಗದಿಂದ ತಲೆ ಎತ್ತಲಿಲ್ಲ.

"ದಿನಾ ನಾಕ ಸಲ ಕಣ್ಣು ಮುಚ್ಚಿ ಕುಂತ್ರ ಕೊಂಡಿ ನೀ ಹಾಕ್ತಿ ಏನು? ಸೀರ್ಯಾಗ ಗಂಟು ಬಂದ್ರ ಚಿಮಟಾದಿಂದ ಕಿತ್ತ ಒಗಿತೇವಿ. ಇದೂ ಒಂದ ಗಂಟು."

"ಸೀರಿಗೆ ನೆತ್ತರ ಇಲ್ಲ, ಚಿಗವ್ವಾ."

ರೆಪ್ಪೆ ಪೂರ್ತಿ ಬಾತರೆ, ಜ್ವರ ಬಂದರೆ, ಕಣ್ಣು ಮಂಜಾದರೆ ಅವತ್ತೇ ದವಾಖಾನೆಗೆ ಹೋಗಬೇಕು ಎಂದು ಹೇಳಿ ಆಫ್ರೀನ ಎದ್ದಳು. ಅಕ್ಕ ಬಾಗಿಲ ಕಡೆ ನೋಡಿದಳು. ನಾ ಹೊರಗ ಬರಂಗಿಲ್ಲ, ಎಲ್ಲಾರೂ ನಗತಾರ ಎಂದಳು. ನಾನು ಆಗಲೂ ನಗುತ್ತಿದ್ದೆ.

ಆ ಮಧ್ಯಾಹ್ನ ಅವ್ವ ಮಗ್ಗದ ಚಿಮಟಾ ತೆಗೆದುಕೊಂಡಳು. ನಾನು ಮೊಬೈಲಿನ ಟಾರ್ಚ್ ಹಿಡಿದೆ. ಕುರು ಒಡೆಯಿತು, ಕೀವು ಬಂತು, ಅಕ್ಕ ಚೀರಿದಳು. ನಾನು ಡಾಕ್ಟರ್ ಗತ್ತಿನಲ್ಲಿ "ಆಪರೇಷನ್ ಸಕ್ಸಸ್" ಅಂದೆ.

ಎರಡನೇ ದಿನಕ್ಕೆ ರೆಪ್ಪೆ ಬಾತು ಕಣ್ಣು ತೆರೆಯದಾಯಿತು. ಮೈ ಕಾದ ಹಂಚಾಗಿತ್ತು. ಆದರೂ ಅಕ್ಕ ಹೊಸ್ತಿಲು ದಾಟಲೊಲ್ಲಳು. ಮೂರನೇ ದಿನ ಆಫ್ರೀನಳೇ ಕೈಹಿಡಿದು ಆಟೋ ಹತ್ತಿಸಿದಳು. ಇಳಕಲ್ಲಿನ ದವಾಖಾನೆಯಲ್ಲಿ ನೋಡಿದವರು ಬಾಗಲಕೋಟೆಗೆ ಕಳಿಸಿದರು. ಸೋಂಕು ಕಣ್ಣಿನ ಸುತ್ತ ಹರಡಿದೆ, ಇನ್ನೂ ತಡವಾಗಿದ್ದರೆ ದೃಷ್ಟಿಯೇ ಹೋಗುತ್ತಿತ್ತು ಎಂದರು ಅಲ್ಲಿನ ಡಾಕ್ಟರು. ಇದನ್ನು ಕಿತ್ತವರು ಯಾರು ಎಂದೂ ಕೇಳಿದರು. ಅವ್ವ ನೆಲ ನೋಡಿದಳು. ಟಾರ್ಚ್ ಹಿಡಿದಿದ್ದ ಮೊಬೈಲನ್ನು ನಾನು ಜೇಬಿಗೆ ತುರುಕಿದೆ.

ದೃಷ್ಟಿ ಉಳಿಯಿತು. ಆದರೆ ರೆಪ್ಪೆಯ ಗಾಯ ಸೊಟ್ಟಗೆ ಮಾಯ್ದು, ಕೂದಲು ಒಳಗೆ ತಿರುಗಿ ಕಣ್ಣಿಗೆ ಚುಚ್ಚುತ್ತವೆ. ಯಾವಾಗಲೂ ನೀರು. ಎಳೆ ಮಸುಕು ಮಸುಕಾಗಿ ಕಾಣುತ್ತದೆಯಂತೆ. ಈಗ ನಮ್ಮ ಮನೆಯ ಕೊಂಡಿ ಹಾಕಲು ಪಕ್ಕದ ಓಣಿಯ ಭಾಗ್ಯಜ್ಯೋತಿ ಬರುತ್ತಾಳೆ. ಅಕ್ಕ ಮೂಲೆಯಲ್ಲಿ ಕೂತು ನೂಲು ಸುತ್ತುತ್ತಾಳೆ. ನನ್ನ ಸ್ಟೇಟಸ್ ಒಂದೇ ದಿನಕ್ಕೆ ತಾನಾಗಿ ಅಳಿಸಿಹೋಗಿತ್ತು.

ಹೋದ ತಿಂಗಳು ಅವ್ವನಿಗೇ ಕಣ್ಣ ಕುರು ಎದ್ದಿತು. ಅವಳು ಚಿಮಟಾ ಮುಟ್ಟಲಿಲ್ಲ. ನೀರು ಕಾಯಿಸು ಎಂದಳು. ಬಟ್ಟೆಯನ್ನು ಮೊದಲು ಮಣಿಕಟ್ಟಿಗೆ ಮುಟ್ಟಿಸಿ, ಸುಡುವುದಿಲ್ಲ ಎಂದು ನೋಡಿ, ನಾನೇ ಶಾಖ ಕೊಟ್ಟೆ. ಕಾಡಿಗೆ ಡಬ್ಬಿ ಎಸೆದೆವು. ಟವೆಲ್ ಬೇರೆ ಮಾಡಿದೆವು. ಆರನೇ ದಿನಕ್ಕೆ ಕುರು ಇಲ್ಲ.

ಅಕ್ಕ ನೂಲು ಸುತ್ತುವುದನ್ನು ನಿಲ್ಲಿಸಿ ಅವ್ವನ ಕಣ್ಣು ನೋಡಿದಳು.

"ಇಷ್ಟ ಮಾಡಿದ್ರ ಸಾಕಿತ್ತೇನವ್ವಾ?"

ಅವ್ವ ಅಕ್ಕನ ಕೈಯಿಂದ ನೂಲು ತೆಗೆದುಕೊಂಡು ತಾನೇ ಸುತ್ತತೊಡಗಿದಳು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಕೆಲಸದ ಕೈಯನ್ನು ಸಾಬೂನಿನಿಂದ ತೊಳೆಯದೆ ಕಣ್ಣಿಗೆ ಒಯ್ಯಬೇಡಿ. ಒಬ್ಬರ ಕಾಡಿಗೆ ಇನ್ನೊಬ್ಬರಿಗೆ ಬೇಡ. ಕುರು ಎದ್ದರೆ ಬೆಚ್ಚನೆಯ ಬಟ್ಟೆ ಇಡಿ, ಕೀಳಬೇಡಿ. ಎರಡು ದಿನ ಶಾಖ ಕೊಟ್ಟರೂ ಹೆಚ್ಚುತ್ತಿದ್ದರೆ ದವಾಖಾನೆಗೆ ಹೋಗಿ. ನಿಮ್ಮ ಮನೆಯಲ್ಲೂ ನನ್ನಂಥ ಒಬ್ಬ ಇದ್ದೇ ಇರುತ್ತಾನೆ. ಅವನು ಮೊಬೈಲ್ ಎತ್ತುವ ಮೊದಲೇ ಅವನ ಕೈಗೆ ನೀರಿನ ಪಾತ್ರೆ ಕೊಟ್ಟು ಒಲೆಯ ಕಡೆ ಕಳಿಸಿ.