ನಾಲ್ಕನೆಯ ಬ್ಯಾಗು

"ಇಲ್ನೋಡು, ಎರಡು ಬರ್ನರ್ ಅವ," ಎಂದು ಶಿರೀಷ ಮೊಬೈಲನ್ನು ಹೆಂಡತಿಯ ಮುಖದ ಹತ್ತಿರ ಹಿಡಿದ.

ಪದ್ಮಜಾ ಶಾಲೆಯಿಂದ ಬಂದು ಚಪ್ಪಲಿ ಬಿಡುತ್ತಿದ್ದಳು. ಹೆಗಲ ಮೇಲಿನ ಚೀಲದಲ್ಲಿ ಒಂಬತ್ತನೆಯ ತರಗತಿಯ ಗಣಿತದ ಉತ್ತರಪತ್ರಿಕೆಗಳ ಕಟ್ಟು ಜಗ್ಗುತ್ತಿತ್ತು. ಮೊಬೈಲಿನಲ್ಲಿ ಯಾವುದೋ ಕಟ್ಟಿಗೆಯ ಮನೆಯ ಅಡುಗೆಮನೆ ಕಾಣಿಸಿತು. ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ಗ್ಯಾಸ್ ಒಲೆ, ಒಲೆಯ ಮೇಲ್ಗಡೆ ಒಂದು ಕಿಟಕಿ, ಕಿಟಕಿಯಾಚೆ ಬೆಳ್ಳಗೆ ಹಿಮಾಲಯ.

"ಅಡಗಿ ಮಾಡಕೋತನ ಹಿಮದ ಗುಡ್ಡ ನೋಡಬಹುದು. ಹದಿನೆಂಟು ದಿನ ಹುಡುಕೇನಿ ಇದಕ್ಕ," ಎಂದ ಅವನು. ಅವನ ಮುಖದಲ್ಲಿ ಮೆಚ್ಚುಗೆಗಾಗಿ ಕಾಯುವ ಕಳೆ ಇತ್ತು.

ಹದಿನೆಂಟು ದಿನ ಹುಡುಕಿದ್ದು ಸುಳ್ಳಲ್ಲ. ಶಿರೀಷ ನವನಗರದ ಸರಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟ್. ಯಾವುದೇ ಕೆಲಸವಿರಲಿ, ಅದಕ್ಕೊಂದು ನೋಟುಬುಕ್ಕು ಹಾಕಿ ಗೆರೆ ಎಳೆಯದಿದ್ದರೆ ಅವನಿಗೆ ಸಮಾಧಾನವಿಲ್ಲ. ಹಿಮಾಚಲದ ಪ್ರವಾಸಕ್ಕೂ ಒಂದು ಬುಕ್ಕು ಬಂದಿತ್ತು. ಎಡಗಡೆ ಅವನ ಜವಾಬ್ದಾರಿ: ಟಿಕೀಟು, ಗುಳಿಗೆ, ಆಧಾರ್ ಕಾರ್ಡು, ಚಾರ್ಜರು. ಬಲಗಡೆ ಅವಳದು. ಆ ಕಡೆಯ ಪುಟದಲ್ಲಿ ಕುಕ್ಕರು, ಅಕ್ಕಿ, ತೊಗರಿಬೇಳೆ, ಸಾರಿನ ಪುಡಿ, ಮೆಂತ್ಯದ ಹಿಟ್ಟು, ತುಪ್ಪ ಎಂದು ಇಳಿಯುತ್ತಾ ಹೋಗಿ ಕೊನೆಗೆ ಪಾತ್ರೆ ತಿಕ್ಕುವ ನಾರಿನವರೆಗೂ ಬಂದು ನಿಂತಿತ್ತು.

ಈ ಪ್ರವಾಸಕ್ಕೆ ಅವರ ಮದುವೆಯಷ್ಟೇ ವಯಸ್ಸು. ಮದುವೆಯಾದ ವರ್ಷವೇ ಹಳೆಯ ಬಾಗಲಕೋಟೆಯ ಮನೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವುದೆಂದು ನೋಟೀಸು ಬಂದು, ಹೊಸ ಗಂಡ ಹೆಂಡತಿ ಹನಿಮೂನಿಗೆ ಹೋಗುವ ಬದಲು ಟ್ರ್ಯಾಕ್ಟರಿನಲ್ಲಿ ಪಾತ್ರೆಪಗಡ ಹೇರಿಕೊಂಡು ನವನಗರಕ್ಕೆ ಬಂದಿದ್ದರು. ಆಮೇಲೆ ಮಾವನವರ ಕಾಯಿಲೆ, ಪದ್ಮಜಾಳ ಬಾಣಂತನ, ಮಗಳ ಶಾಲೆ, ಮಗಳ ಹತ್ತನೆಯ ಇಯತ್ತೆ, ಪಿಯುಸಿ. ಈಗ ಮಗಳು ಬೆಳಗಾವಿಯ ಹಾಸ್ಟೆಲಿನಲ್ಲಿದ್ದಳು. ಗುಡ್ಡ ನೋಡುವ ಮಾತು ಎತ್ತಿದಾಗಲೆಲ್ಲ ಶಿರೀಷನ ಆಫೀಸಿನವರು ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂದು ನಗುತ್ತಿದ್ದರು. ಈ ಸಲ ಅವನು ಯಾರ ಮಾತಿಗೂ ಕಿವಿಗೊಡದೆ ರಜೆ ಹಾಕಿದ್ದ.

ಪದ್ಮಜಾಳಿಗೂ ಹೋಗಬೇಕಿತ್ತು. ಆದರೆ ಅವಳ ಆಸೆ ಹುಟ್ಟಿದ್ದು ಹಿಮದ ಫೋಟೋ ನೋಡಿ ಅಲ್ಲ, ಶಾಲೆಯ ಸ್ಟಾಫ್‌ರೂಮಿನಲ್ಲಿ. ಹಿಂದಿನ ವರ್ಷ ಹಿಂದಿ ಕಲಿಸುವ ಮೆಹರುನ್ನಿಸಾ ಟೀಚರ್ ಗಂಡನೊಡನೆ ಕೊಡೈಕೆನಾಲಿಗೆ ಹೋಗಿಬಂದಿದ್ದರು. ಕೆರೆ ಹೇಗಿತ್ತು, ಮಂಜು ಹೇಗಿತ್ತು ಎಂದು ಎಲ್ಲರೂ ಕೇಳುತ್ತಿದ್ದಾಗ ಆಕೆ ಹೇಳಿದ್ದು ಬೇರೆಯೇ: "ಆರು ದಿನ ಮುಂಜಾನೆ ಎದ್ದು, ಇವತ್ತೇನ್ ಮಾಡ್ಲಿ ಅಂತ ಯಾರನ್ನೂ ಕೇಳಲಿಲ್ಲರೀ ಬಾಯಾರ." ಆ ಒಂದು ಮಾತು ಪದ್ಮಜಾಳ ಎದೆಯಲ್ಲಿ ಹೊಕ್ಕು ಕೂತುಬಿಟ್ಟಿತು.

ಇಪ್ಪತ್ತೈದು ವರ್ಷಗಳಿಂದ ಅವಳು ಐದು ಗಂಟೆಗೆ ಏಳುತ್ತಿದ್ದಳು. ಸ್ನಾನ ಮಾಡಿ, ಹಿಂದಿನ ದಿನ ಒಗೆದು ಎತ್ತರದ ಗಳದ ಮೇಲೆ ಕೋಲಿನಿಂದ ಹರವಿದ ಮಡಿಸೀರೆ ಇಳಿಸಿ ಉಟ್ಟುಕೊಂಡೇ ಒಲೆ ಹಚ್ಚಬೇಕು. ಅತ್ತೆ ರುಕ್ಮಿಣೀಬಾಯಿಯವರು ಮಡಿಯಲ್ಲಿ ಬೇಯಿಸದ ಅನ್ನ ಮುಟ್ಟುವವರಲ್ಲ. ಮಡಿಯಾದ ಸೀರೆಯನ್ನು ಮನೆಯಲ್ಲಿ ಯಾರಾದರೂ ಮರೆತು ಸೋಕಿದರೂ ಅದನ್ನು ಮತ್ತೆ ನೀರಿಗೆ ಹಾಕಬೇಕು. ಶಿರೀಷ ಚಿಕ್ಕವನಿದ್ದಾಗ ಒಮ್ಮೆ ಆಟದ ಕೈಯಿಂದ ಆ ಸೀರೆ ಎಳೆದು ಬೆನ್ನ ಮೇಲೆ ಬಾಸುಂಡೆ ಬರುವಂತೆ ಹೊಡೆಸಿಕೊಂಡಿದ್ದನಂತೆ. ಐವತ್ತೆರಡು ವಯಸ್ಸಾದರೂ ಗಳದ ಕೆಳಗೆ ಹಾಯುವಾಗ ಇನ್ನೂ ತಲೆ ತಗ್ಗಿಸುತ್ತಿದ್ದ.

ಅಡುಗೆ ಮುಗಿಸಿ, ಸೀರೆ ಬದಲಿಸಿ, ಒಂಬತ್ತೂವರೆಗೆ ಶಾಲೆ. ಸಂಜೆ ಬಂದು ಮತ್ತೆ ಅದೇ ಒಲೆ. ಈಗೀಗ ರೊಟ್ಟಿ ಬಡಿಯುವಾಗ ಬಲಗೈಯ ಮಣಿಕಟ್ಟು ನೋಯುತ್ತಿತ್ತು. ಅವಳಿಗೆ ಹಿಮವೂ ಬೇಕಾಗಿತ್ತು, ಇಲ್ಲವೆನ್ನಲಿಕ್ಕಿಲ್ಲ. ಅದಕ್ಕಿಂತ ಹೆಚ್ಚಾಗಿ ಎಂಟು ದಿನ ಒಲೆಯ ಮುಖ ನೋಡದೆ ಇರಬೇಕಿತ್ತು. ಬೇರೆ ಯಾರೋ ಮಾಡಿದ್ದನ್ನು, ಉಪ್ಪು ಕಡಿಮೆಯಿರಲಿ ಖಾರ ಹೆಚ್ಚಿರಲಿ, ಕೂತಲ್ಲಿ ಉಣ್ಣಬೇಕಿತ್ತು.

ಅದಕ್ಕೇ ಆ ಸಂಜೆ ಎರಡು ಬರ್ನರ್ ನೋಡಿದವಳಿಗೆ ಚೀಲದ ಭಾರ ಒಮ್ಮೆಲೇ ಹೆಚ್ಚಾದಂತಾಯಿತು. "ಅಲ್ಲೂ ನಾನ ಅಡಗಿ ಮಾಡಬೇಕೇನ್ರಿ?" ಎಂದು ಕೇಳಿದಳು.

"ಬರೇ ಅನ್ನ ಸಾರು. ಇಬ್ಬರಿಗೆ ಎಷ್ಟ ಹೊತ್ತಿನ ಕೆಲಸ ಅದು?" ಎಂದ ಶಿರೀಷ.

ಅವನು ಕೆಟ್ಟವನಲ್ಲ. ಹನ್ನೆರಡು ವರ್ಷದ ಹಿಂದೆ ತರಬೇತಿಗೆಂದು ಮೈಸೂರಿಗೆ ಹೋದಾಗ ಹೋಟೆಲಿನ ಬೆಳ್ಳುಳ್ಳಿ ಸಾರು ಉಂಡು ಮೂರು ದಿನ ಹಾಸಿಗೆ ಹಿಡಿದಿದ್ದ. ಆ ಮೂರು ದಿನದ ಕಥೆಯನ್ನು ಬಂದವರಿಗೆಲ್ಲ ಹೇಳುತ್ತಿದ್ದ. ಮನೆಯ ಊಟ ಸಿಗುವ ಹಾಗೆ ಏರ್ಪಾಡು ಮಾಡುವುದೇ ಅವನ ಲೆಕ್ಕದಲ್ಲಿ ಹೆಂಡತಿಯ ಮೇಲಿನ ಪ್ರೀತಿ. ಅವಳು ಏನೋ ಹೇಳಲು ಬಾಯಿ ತೆರೆದಳು. ಹೇಳಿದರೆ ವಾದವಾಗುತ್ತದೆ, ವಾದ ಮಾಡಲಿಕ್ಕೂ ಮೈಯಲ್ಲಿ ಕಸುವು ಬೇಕು. ಪತ್ರಿಕೆಗಳ ಕಟ್ಟನ್ನು ಮೇಜಿನ ಮೇಲಿಟ್ಟು ಕೈಕಾಲು ತೊಳೆಯಲು ಹೋದಳು.

ಹೊರಡುವುದಕ್ಕೆ ಇನ್ನೂ ವಾರವಿರುವಾಗಲೇ ಪ್ರವಾಸದ ಅಡುಗೆ ಶುರುವಾಯಿತು. ಸಾರಿನ ಪುಡಿ ಕುಟ್ಟಿಯಾಯಿತು, ಮೆಂತ್ಯದ ಹಿಟ್ಟು ಬೀಸಿಯಾಯಿತು, ರೈಲಿಗೆಂದು ಅವಲಕ್ಕಿ ಹಚ್ಚಿಯಾಯಿತು. ಶಿರೀಷ ಅಮೀನಗಡದಿಂದ ಆ ಗುಡ್ಡದ ಮನೆಯ ಯಜಮಾನನಿಗೆಂದು ಎರಡು ಡಬ್ಬಿ ಕರದಂಟು ತಂದ. ಅಟ್ಟದ ಮೇಲಿನಿಂದ ಒಂದು ಹಳೆಯ ಖಾಕಿ ಬ್ಯಾಗು ಇಳಿಸಿದ. ಕುಕ್ಕರು ಮತ್ತು ಸಾಮಾನಿಗೆ ಅದೇ ಸರಿ ಎಂದು ಬುಕ್ಕಿನಲ್ಲಿ ನಾಲ್ಕನೆಯ ಬ್ಯಾಗೆಂದು ಬರೆದುಕೊಂಡ. ಯಾವ ಯಾವ ಬಸ್‌ಸ್ಟ್ಯಾಂಡಿನ ನೆಲದ ಮೇಲೆ ಕೂತು ಬಂದದ್ದೋ ಏನೋ, ಅದನ್ನು ಒಳಗೆ ತರಬಾರದೆಂದು ರುಕ್ಮಿಣೀಬಾಯಿಯವರು ಪಡಸಾಲೆಯ ಬಾಗಿಲ ಆಚೆಯೇ ನಿಲ್ಲಿಸಿದರು. ಒಂದು ವಾರ ಅದು ಚಪ್ಪಲಿಗಳ ಪಕ್ಕ ಬಿದ್ದುಕೊಂಡಿತ್ತು.

ಹೊರಡುವ ಮುನ್ನಾದಿನ ಮಧ್ಯಾಹ್ನ ಅತ್ತೆ ಸೊಸೆ ಇಬ್ಬರೂ ಮೊರದಲ್ಲಿ ಬೇಳೆ ಹಸನು ಮಾಡುತ್ತ ಕೂತಿದ್ದರು. ಅತ್ತೆಯನ್ನು ನೋಡಿಕೊಳ್ಳಲು ಮರುದಿನ ಬೆಳಿಗ್ಗೆ ಬದಾಮಿಯಿಂದ ನಾದಿನಿ ಮೃಣಾಲಿನಿ ಬರುವವಳಿದ್ದಳು. ಆಕೆಗೆ ಅಮ್ಮನ ಮಡಿಯೆಲ್ಲ ಗೊತ್ತು, ಆ ಚಿಂತೆ ಇರಲಿಲ್ಲ. ರುಕ್ಮಿಣೀಬಾಯಿಯವರು ಗುಡ್ಡದ ಮೇಲೆ ಬೇಳೆ ಬೇಗ ಬೇಯುವುದಿಲ್ಲ, ನೀರು ಕುದಿಯುತ್ತಲೇ ಇರುತ್ತದೆ ಬೇಳೆ ಮಾತ್ರ ಕಾಳಾಗಿಯೇ ನಿಲ್ಲುತ್ತದೆ, ರಾತ್ರಿಯೇ ನೆನೆಹಾಕು ಎಂದು ಹೇಳುತ್ತಿದ್ದರು. ನಲವತ್ತು ವರ್ಷದ ಹಿಂದೆ ಅವರು ಗಂಡ ಮತ್ತು ಗಂಡನ ಮನೆಯವರ ಜೊತೆ ಯಾತ್ರೆಯ ಬಸ್ಸಿನಲ್ಲಿ ಬದರಿಗೆ ಹೋಗಿಬಂದಿದ್ದರು. ಮನೆಯಲ್ಲಿ ಹಿಮಾಲಯ ಕಂಡವರೆಂದರೆ ಅವರೊಬ್ಬರೇ. ಹೀಗಾಗಿ ಅವರ ಮಾತಿಗೆ ತೂಕವಿತ್ತು.

ಬದರಿಯ ಛತ್ರದ ಮೂಲೆ, ಪಂಪಿನ ಸ್ಟೋವು, ಅದರ ಪಿನ್ನು ಮುರಿದದ್ದು, ಹನ್ನೊಂದು ಮಂದಿಗೆ ಎರಡು ಹೊತ್ತು ಬೇಯಿಸಿದ್ದು, ಒದ್ದೆ ಮಡಿಸೀರೆ ಮೈಮೇಲೆಯೇ ಒಣಗಿದ್ದು, ಕಲ್ಲೊಡೆಯುವಂಥ ತಣ್ಣೀರಿನಲ್ಲಿ ಪಾತ್ರೆ ತೊಳೆದು ಬೆರಳು ಮರಗಟ್ಟಿದ್ದು, ಎಲ್ಲವನ್ನೂ ಅವರು ನಿನ್ನೆ ಮೊನ್ನೆ ನಡೆದಂತೆ ಹೇಳಿದರು. ಹೇಳುವಾಗ ದನಿಯಲ್ಲಿ ಹೆಮ್ಮೆಯೇ ಇತ್ತು. ಎಲ್ಲ ಕೇಳಿಸಿಕೊಂಡ ಮೇಲೆ ಪದ್ಮಜಾ ಬೇಳೆಯಿಂದ ಒಂದು ಹರಳು ಆರಿಸಿ ಆಚೆ ಹಾಕುತ್ತ ಸುಮ್ಮನೆ ಕೇಳಿದಳು, "ಗುಡ್ಡ ಹ್ಯಾಂಗ ಇದ್ದುವ್ರಿ ಅತ್ಯಾ?"

ರುಕ್ಮಿಣೀಬಾಯಿಯವರ ಕೈ ಮೊರದಲ್ಲಿ ನಿಂತಿತು. ಯೋಚಿಸಿದರು. ಯೋಚಿಸಬೇಕಾಗಿ ಬಂದದ್ದು ಅವರಿಗೇ ಸೋಜಿಗವಾದಂತಿತ್ತು.

"ಗುಡ್ಡ ನನ್ನ ಬೆನ್ನ ಹಿಂದ ಇದ್ದುವು," ಎಂದರು ಕೊನೆಗೆ. "ಉಳದವರೆಲ್ಲಾ ನೋಡಿ ಬಂದ್ರು. ಭಾಳ ಛಂದ ಇದ್ದುವಂತ."

ಪದ್ಮಜಾ ಮೊರವನ್ನು ತನ್ನ ಕಡೆಗೆ ಎಳೆದುಕೊಂಡಳು. ಅತ್ತೆಯ ಮೇಲೆ ಮರುಕವೂ ಬಂತು, ತನ್ನ ಮೇಲೆ ಸಿಟ್ಟೂ ಬಂತು. ಎರಡರಲ್ಲಿ ಯಾವುದು ಹೆಚ್ಚೆಂದು ನೋಡುವಷ್ಟು ತ್ರಾಣವಿರಲಿಲ್ಲ. ಬೇಳೆಯನ್ನು ಡಬ್ಬಿಗೆ ಸುರಿದು, ಕುಕ್ಕರಿನೊಳಗೆ ಡಬ್ಬಿ ಕೂಡಿಸಿ, ಖಾಕಿ ಬ್ಯಾಗಿಗೆ ಹಾಕಿ ಚೈನು ಎಳೆದಳು. ಚೈನು ಅರ್ಧಕ್ಕೆ ಸಿಕ್ಕಿಕೊಂಡಿತು. ಅದನ್ನು ಹಾಗೆಯೇ ಬಿಟ್ಟು ಸಂಜೆಯ ಒಲೆ ಹಚ್ಚಲು ಎದ್ದಳು.

ಮರುದಿನ ಎಂಟು ಗಂಟೆಗೆ ಡ್ರೈವರ್ ಫಾರೂಕ ಬಾಡಿಗೆ ಕಾರು ತಂದು ಮನೆಯ ಮುಂದೆ ನಿಲ್ಲಿಸಿದ. ಅವನ ಕಾರಿನಲ್ಲಿ ಹುಬ್ಬಳ್ಳಿ, ಅಲ್ಲಿಂದ ದಿಲ್ಲಿಯ ರೈಲು. ಮೃಣಾಲಿನಿ ಮೊದಲ ಬಸ್ಸಿಗೇ ಬಂದು ಆಗಲೇ ಸ್ನಾನಕ್ಕೆ ಹೋಗಿದ್ದಳು. ಶಿರೀಷ ಬುಕ್ಕು ಹಿಡಿದು ಡಿಕ್ಕಿಯ ಹತ್ತಿರ ನಿಂತು ಒಂದೊಂದೇ ಬ್ಯಾಗಿಗೆ ಗುರುತು ಹಾಕತೊಡಗಿದ. ಮೂರಕ್ಕೆ ಗುರುತಾಯಿತು. ನಾಲ್ಕನೆಯದು ಚಪ್ಪಲಿಗಳ ಪಕ್ಕದಲ್ಲಿ ಇರಲಿಲ್ಲ.

ಪದ್ಮಜಾ ಅತ್ತೆಗೆ ನಮಸ್ಕಾರ ಮಾಡಲೆಂದು ಒಳಗೆ ಹೋದಳು. ರುಕ್ಮಿಣೀಬಾಯಿಯವರು ಮಂಚದ ಮೇಲೆ ಕೂತು ಜಪಮಣಿ ತಿರುಗಿಸುತ್ತಿದ್ದರು. ಅವರ ಕಾಲ ಬಳಿ, ನೆಲದ ಮೇಲೆ, ಏನೋ ಒಂದು ಗುಡ್ಡೆಯ ಮೇಲೆ ಮಡಿಯ ಸೀರೆ ಹೊದಿಸಿತ್ತು. ಆ ದಿನ ಉಡಲೆಂದು ತೆಗೆದಿಟ್ಟ ಕೆಂಪು ಸೆರಗಿನ ಇಳಕಲ್ ಸೀರೆ. ಸೀರೆಯ ಅಂಚಿನ ಕೆಳಗಿನಿಂದ ಖಾಕಿ ಬಣ್ಣದ ಹಿಡಿಕೆಯ ತುದಿ ಕಾಣುತ್ತಿತ್ತು.

ಪದ್ಮಜಾ ಆ ಹಿಡಿಕೆಯನ್ನು ಇನ್ನೊಮ್ಮೆ ನೋಡಿದಳು. ಚಪ್ಪಲಿಯ ಪಕ್ಕ ವಾರವಿಡೀ ಬಿದ್ದಿದ್ದ ಬ್ಯಾಗಿಗೆ ಮಡಿಸೀರೆ ಸೋಕಿಸುವುದೆಂದರೆ, ಈ ಮನೆಯಲ್ಲಿ ಇಪ್ಪತ್ತೈದು ವರ್ಷದಲ್ಲಿ ಅವಳು ಕಂಡದ್ದಲ್ಲ. ಅತ್ತೆಯ ಮುಖ ನೋಡಿದಳು. ಅವರು ಸೊಸೆಯ ಕಡೆ ನೋಡದೆ ಮಣಿ ಎಣಿಸುತ್ತಲೇ ಇದ್ದರು.

ಅಷ್ಟರಲ್ಲಿ ಶಿರೀಷ ಬುಕ್ಕು ಹಿಡಿದೇ ಒಳಗೆ ಬಂದ. ಕುಕ್ಕರಿನ ಬ್ಯಾಗು ಸಿಗುತ್ತಿಲ್ಲವೆಂದ. ಮೂಲೆ ಮೂಲೆ ನೋಡಿದ, ಮಂಚದ ಕೆಳಗೆ ಬಗ್ಗಿದ, ಸೀರೆ ಹೊದಿಸಿದ್ದು ಕಣ್ಣಿಗೆ ಬಿದ್ದು ಅತ್ತ ಕೈ ಚಾಚಿದ.

"ಮುಟ್ಟಬ್ಯಾಡ. ಮಡೀದು ಅದ," ಎಂದರು ರುಕ್ಮಿಣೀಬಾಯಿಯವರು.

ಶಿರೀಷನ ಕೈ ಸುಟ್ಟಂತೆ ಹಿಂದೆ ಬಂತು. ಎರಡು ಹೆಜ್ಜೆ ಸರಿದು ನಿಂತ. ಆಮೇಲೆ ಹೆಂಡತಿಯ ಕಡೆ ತಿರುಗಿ, ಆ ಬ್ಯಾಗು ನೀನು ಇಟ್ಟೆಯೋ ಇಲ್ಲವೋ ಎಂದು ಕೇಳಿದ. ಪದ್ಮಜಾ ಆ ತನಕ ಗಂಡನೆದುರು ಇಂಥ ಸುಳ್ಳು ಆಡಿದವಳಲ್ಲ. ಈಗ ಹೇಳದಿದ್ದರೆ ಮತ್ತೆಂದೂ ಇಲ್ಲ ಎನ್ನಿಸಿತು.

"ಇಟ್ಟೇನ್ರಿ. ಸೀಟಿನ ಕೆಳಗ," ಎಂದಳು.

ಶಿರೀಷ ಬುಕ್ಕನ್ನು ಗೋಡೆಗೆ ಒತ್ತಿ ಹಿಡಿದು ನಾಲ್ಕನೆಯ ಬ್ಯಾಗಿಗೂ ಗುರುತು ಹಾಕಿದ. ತಾಯಿಗೆ ದೂರದಿಂದಲೇ ಕೈ ಮುಗಿದು ಹೊರಟ. ಹೊರಗೆ ಅವನು ಫಾರೂಕನಿಗೆ ರೈಲಿನ ಹೊತ್ತು ಹೇಳುವುದು ಕೇಳಿಸಿತು. ಪದ್ಮಜಾ ನೆಲಕ್ಕೆ ಹಣೆ ಹಚ್ಚಿ ನಮಸ್ಕಾರ ಮಾಡಿ ಎದ್ದಳು. "ಅತ್ಯಾ," ಎಂದಷ್ಟೇ ಅಂದಳು.

"ಬಂದ ಮ್ಯಾಲ ಈ ಸೀರಿ ನೀನ ತೊಳದ ಹಾಕಬೇಕು. ಮೃಣಾಲಿನಿಗೆ ಸರಿ ಹಿಂಡಲಿಕ್ಕೆ ಬರೂದಿಲ್ಲ," ಎಂದರು ಅವರು. ಮತ್ತೆ ಮಣಿಗೆ ಹೋದರು.

ಕಾರು ನವನಗರ ದಾಟಿತು. ಶಿರೀಷ ಮುಂದಿನ ಸೀಟಿನಲ್ಲಿ ಕೂತು ಬುಕ್ಕಿನ ಪುಟ ಹಿಂದೆ ಮುಂದೆ ಮಾಡುತ್ತಿದ್ದ. ಮೊದಲ ದಿನ ಎಲ್ಲಿ, ಎರಡನೆಯ ದಿನ ಯಾವ ಜಲಪಾತ ಎಂದು ಅವಳಿಗೂ ಫಾರೂಕನಿಗೂ ಸೇರಿಸಿ ಓದಿ ಹೇಳಿದ. ಪದ್ಮಜಾ ಹಿಂದಿನ ಸೀಟಿನಲ್ಲಿದ್ದಳು. ಕಾಲು ಮುಂದೆ ಚಾಚಿದಳು. ಸೀಟಿನ ಕೆಳಗೆ ಏನೂ ತಾಗಲಿಲ್ಲ. ಕೆರೂರು ಸಮೀಪಿಸುತ್ತಿದ್ದಂತೆ ರಸ್ತೆಯ ಬದಿಗೆ ಕುರುಚಲು ಗಿಡಗಳ ಸಣ್ಣ ಕೆಂಪು ಗುಡ್ಡಗಳು ಶುರುವಾದವು. ತವರಿಗೆ, ಮದುವೆಗೆ, ಮುಂಜಿವೆಗೆ ಎಂದು ನೂರು ಸಲ ಈ ದಾರಿಯಲ್ಲಿ ಹೋಗಿದ್ದಳು. ಆಗೆಲ್ಲ ಮಡಿಲಲ್ಲಿ ಬುತ್ತಿಯ ಗಂಟೋ, ಸಾರಿನ ಡಬ್ಬಿಯೋ ಇರುತ್ತಿತ್ತು. ಅದು ಚೆಲ್ಲದಂತೆ ನೋಡುವುದೇ ಕೆಲಸವಾಗಿರುತ್ತಿತ್ತು.

"ಅಲ್ಲೆ ಮುಟ್ಟಿದ ಕೂಡ್ಲೆ ಮೊದಲ ಒಂದೀಟು ಬಿಸಿ ಸಾರು ಮಾಡಿಬಿಡು," ಎಂದ ಶಿರೀಷ, ಪುಟದಿಂದ ಕಣ್ಣೆತ್ತದೆ.

"ಹೂಂ," ಎಂದಳು ಪದ್ಮಜಾ. ಖಾಲಿ ಕೈಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡು, ಹಿಂದಕ್ಕೆ ಸರಿಯುತ್ತಿದ್ದ ಆ ಸಣ್ಣ ಗುಡ್ಡಗಳನ್ನು ಒಂದೊಂದಾಗಿ ನೋಡುತ್ತ ಕೂತಳು.