ಒಂದು ಮಗುವಿಗೆ ಒಬ್ಬರೇ

ಏಪ್ರಿಲ್ ತಿಂಗಳಿಗೆ ಡೆಲ್ಫಿಯಾ ಬ್ರೇಬಾಯ್ ಕಳಿಸಿದ ನಲವತ್ತೇಳು ಬಿಲ್ಲುಗಳಲ್ಲಿ ಒಂದು ಮಾತ್ರ ವಾಪಸು ಬಂತು. ಬಿಲ್ಲು ನೋಡಿಕೊಳ್ಳುವ ಟ್ವಾಯ್ಲಾ ಅದನ್ನು ಹಿಡಿದುಕೊಂಡು ಅವಳ ಕುರ್ಚಿಯ ಹಿಂದೆ ಬಂದು ನಿಂತಳು.

"ನಿನ್ನ ಕೇಸನ್ ಮರಿ ಇನ್ನೊಂದು ಸಂಸಾರ ಇಟ್ಕೊಂಡಿದಾನೆ ಕಣೇ. ಮೂರು ವರ್ಷಕ್ಕೇ!"

ಡೆಲ್ಫಿಯಾ ಕೌಂಟಿಯ, ಎಂದರೆ ಅಲ್ಲಿನ ಜಿಲ್ಲೆಯ, ಆರೋಗ್ಯ ಕಚೇರಿಯವಳು. ಐದು ವರ್ಷದೊಳಗಿನ ಕಾಯಿಲೆಯ ಮಕ್ಕಳಿಗೆ ಡಾಕ್ಟರ ದಿನ ಗೊತ್ತುಮಾಡುವುದು, ಯಂತ್ರ ಕೆಟ್ಟರೆ ಸರಿಮಾಡಿಸುವುದು, ಆಸ್ಪತ್ರೆಗೆ ಹೋಗಲು ಗಾಡಿ ಹೊಂದಿಸುವುದು, ಹೀಗೆ ಮನೆಯವರ ಬೆನ್ನಿಗೆ ನಿಂತು, ಮಗುವೊಂದಕ್ಕೆ ತಿಂಗಳಿಗೊಂದು ಬಿಲ್ಲನ್ನು ಸರ್ಕಾರದ ವಿಮೆಗೆ ಕಳಿಸುವುದು ಅವಳ ಕೆಲಸ. ಆದರೆ ಜನವರಿಯಲ್ಲಿ ವಿಮೆಯವರು ತಮ್ಮದೇ ಇನ್ನೊಂದು ಯೋಜನೆ ಶುರುಮಾಡಿ, ತೀರಾ ಕಾಯಿಲೆಯ ಮಕ್ಕಳನ್ನು ಯಾರಿಗೂ ಹೇಳದೆ ಅದಕ್ಕೆ ಸೇರಿಸಿಕೊಂಡಿದ್ದರು. ಕೇಸನ್‌ನ ಹೆಸರು ಎರಡೂ ಕಡೆ ಇತ್ತು.

"ಮೂರು ತಿಂಗಳು ನಮ್ಮ ಬಿಲ್ಲು ಮುಂಚೆ ಹೋಗಿತ್ತು, ಪಾಸಾಯ್ತು. ಈ ಸಲ ಅವ್ರದು ಎರಡು ದಿನ ಮುಂಚೆ ಹೋಗಿದೆ," ಎಂದಳು ಟ್ವಾಯ್ಲಾ. "ಒಂದು ಮಗೂಗೆ ಒಬ್ರೇ. ಈ ತಿಂಗಳ ಕೊನೆಯೊಳಗೆ ಒಬ್ರು ಬಿಡ್ಬೇಕು."

"ಯಾರು?"

"ಮಗೂನ ಅಜ್ಜಿ ಯಾರನ್ನ ಅಂತಾರೋ ಅವ್ರು ಇರ್ತಾರೆ. ನೀನು ಮಾತ್ರ ಬಾಯಿ ಬಿಡೋ ಹಾಗಿಲ್ಲ. ಈ ಆಯ್ಕೆ ಹಾಳೇಲಿ ಏನಿದೆಯೋ ಅಷ್ಟು ಓದು, ಪೆನ್ ಕೊಡು, ಗೋಡೆ ನೋಡ್ತಾ ಕೂತ್ಕೋ. ಇವ್ರು ಒಳ್ಳೇವ್ರು ಅವ್ರು ಒಳ್ಳೇವ್ರು ಅಂತ ಒಂದು ಮಾತಾಡಿದ್ರೂ ಇಬ್ರ ಕೆಲಸಕ್ಕೂ ಸಂಚಕಾರ."

"ನಿನ್ನ ಕೆಲಸಕ್ಕೆ ಯಾಕೆ?"

"ಗೊತ್ತಿದ್ದೂ ಸುಮ್ನಿದ್ದೆ ಅಂತಾರೆ. ನಾನು ಸುಮ್ನಿದ್ದೆ ಅಂದ್ರೆ ಈ ಕಟ್ಟಡದಲ್ಲಿ ಯಾರೂ ನಂಬಲ್ಲ, ಅದು ಬೇರೆ ಮಾತು."

ಡೆಲ್ಫಿಯಾ ನಕ್ಕಳು. ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

ಉಳಿದ ನಲವತ್ತಾರು ಮಕ್ಕಳು ಅವಳಿಗೆ ಫೋನಿನೊಳಗಿನ ಅಳು, ಕೆಮ್ಮು, ಹಿಂದಿನಿಂದ ಬರುವ ಟಿವಿಯ ಸದ್ದು. ಅವಳು ಹೋಗಿ ಕೂತುಕೊಳ್ಳುವ ಮನೆ ಇದೊಂದೇ. ಕೇಸನ್‌ನ ಅಜ್ಜಿ ಮಿಸ್ ಅರ್ಡೆಲ್ ಫೋನಿನಲ್ಲಿ ಮಾತಾಡುವ ಪೈಕಿಯಲ್ಲ; ಮುಖ ಕಾಣದ ಮಾತು ಮಾತೇ ಅಲ್ಲ ಎನ್ನುವವಳು. ಹಾಗಾಗಿ ಎರಡೂವರೆ ವರ್ಷದಿಂದ ಪ್ರತಿ ಗುರುವಾರ ಎರಡು ಗಂಟೆಗೆ ಡೆಲ್ಫಿಯಾ ಲಂಬರ್ ನದಿಯ ಸೇತುವೆ ದಾಟಿ, ತಂಬಾಕಿನ ಹೊಲದ ಅಂಚಿನ ಆ ಮನೆಗೆ ಹೋಗುತ್ತಿದ್ದಳು.

ಮೊದಲ ದಿನ ಅರ್ಡೆಲ್ ಅವಳ ಹೆಸರು ಕೂಡ ಕೇಳಿರಲಿಲ್ಲ. ಆ ಸೀಮೆಯ ಮೂಲನಿವಾಸಿಗಳಾದ ಲಂಬೀ ಜನರಲ್ಲಿ ಹೊಸಬರನ್ನು ಕೇಳುವುದು ಒಂದೇ ಮಾತು: "ಯಾರ ಪೈಕಿ ನೀನು?" ಡೆಲ್ಫಿಯಾ ತಾಯಿಯ ಹೆಸರು ಹೇಳಿದಳು. "ಲವೀಡಿಯಾ ಮಗಳಾ! ಅಯ್ಯೋ, ಅವಳೂ ನಾನೂ ಒಂದೇ ಸಾಲಲ್ಲಿ ತಂಬಾಕು ಕಿತ್ತೋರು. ಬಾ ಒಳಗೆ," ಎಂದು ಅರ್ಡೆಲ್ ಬಾಗಿಲು ತೆಗೆದಿದ್ದಳು. ಆ ವರ್ಷವೇ ಲವೀಡಿಯಾ ತೀರಿಕೊಂಡಳು. ಈಗ ಡೆಲ್ಫಿಯಾಳ ಮನೆಯಲ್ಲಿ ಹನ್ನೊಂದು ವರ್ಷದ ಮಗಳು ಶೇಲಿನ್ ಇದ್ದಾಳೆ, ಅದೂ ಒಂದು ವಾರ. ಮರುವಾರ ಅಪ್ಪನ ಮನೆ. ಅವಳಿಲ್ಲದ ವಾರಗಳಲ್ಲಿ ಡೆಲ್ಫಿಯಾ ಒಲೆಯನ್ನೇ ಹಚ್ಚುವುದಿಲ್ಲ. ಕಚೇರಿಯಲ್ಲಿ ಅವಳು ಮಿಸ್ ಬ್ರೇಬಾಯ್, ಮಗಳಿಗೆ ಅಮ್ಮ. ಲವೀಡಿಯಾ ಮಗಳೇ ಎಂದು ಕರೆಯುವವರು ಭೂಮಿಯ ಮೇಲೆ ಇನ್ನು ಅರ್ಡೆಲ್ ಒಬ್ಬಳೇ.

ಆ ಗುರುವಾರವೂ ಅರ್ಡೆಲ್ ಮೆಕ್ಕೆಜೋಳದ ರೊಟ್ಟಿಯ ನಡುವೆ ಕೊಲಾರ್ಡ್ ಸೊಪ್ಪು, ಹುರಿದ ಹಂದಿ ಕೊಬ್ಬಿನ ಚೂರು ಇಟ್ಟು ಮುಂದೆ ತಳ್ಳಿದಳು. ಕ್ಲಯಂಟಿನ ಮನೆಯಲ್ಲಿ ತಿನ್ನಬಾರದೆಂಬ ನಿಯಮವನ್ನು ಡೆಲ್ಫಿಯಾ ಮುರಿದು ಬಹಳ ಕಾಲವಾಗಿತ್ತು. ಕೇಸನ್ ಚಾಪೆಯ ಮೇಲೆ ಪಾತ್ರೆ ಮುಚ್ಚಳ ತಿರುಗಿಸುತ್ತಿದ್ದ. ಆರನೇ ತಿಂಗಳಿಗೇ ಹುಟ್ಟಿದ ಕೂಸು. ಮೂಗಿಗೆ ಆಕ್ಸಿಜನ್ ಕೊಳವೆ, ಹೊಟ್ಟೆಗೆ ಹಾಲಿನ ಕೊಳವೆ.

"ಏನೋ ಓದ್ಬೇಕು ಅಂದ್ಯಲ್ಲ, ಓದು. ಪಾದ್ರಿ ಥರ ಮುಖ ಮಾಡ್ಕೊಂಡು ಕೂತಿದೀಯ."

ಡೆಲ್ಫಿಯಾ ಓದಿದಳು. ಇಬ್ಬರಲ್ಲಿ ಒಬ್ಬರನ್ನು ಆರಿಸಿಕೊಳ್ಳಬೇಕು, ಯಾರನ್ನು ಆರಿಸಿಕೊಂಡರೂ ಮಗುವಿನ ವಿಮೆಗೆ ತೊಂದರೆಯಿಲ್ಲ, ಇದು ನಿಮ್ಮದೇ ತೀರ್ಮಾನ.

"ಇನ್ನೊಬ್ಬಳು ಯಾರು?"

"ನಿಮಗೆ ಫೋನ್ ಮಾಡ್ತಾಳಂತಲ್ಲ. ಮ್ಯಾರೆನ್ ಅಂತ."

"ಅವಳಾ! ನಾನು ಕಾರಿನ ವಾರಂಟಿ ಮಾರೋಳು ಅಂದ್ಕೊಂಡಿದ್ದೆ. ಬಾಯಲ್ಲಿ ಬಿಸಿ ತುತ್ತು ಇಟ್ಕೊಂಡ ಹಾಗೆ ಮಾತಾಡ್ತಾಳೆ. ಯಾರ ಪೈಕಿ ಅಂತ ಕೇಳ್ದೆ. 'ಯೋಜನೆಯವಳು' ಅಂದ್ಲು. ಯೋಜನೆಗೆ ಅಪ್ಪ ಅಮ್ಮ ಇರ್ತಾರಾ?" ಅರ್ಡೆಲ್ ಪೆನ್ನು ಕಿತ್ತುಕೊಂಡು ಡೆಲ್ಫಿಯಾಳ ಹೆಸರಿನ ಮುಂದೆ ಗುರುತು ಹಾಕಿದಳು. ಎಷ್ಟು ಒತ್ತಿದಳೆಂದರೆ ಹಾಳೆ ತೂತಾಯಿತು. "ಮುಗೀತಲ್ಲ? ತಿನ್ನು, ಆರಿಹೋಗ್ತಿದೆ."

ಡೆಲ್ಫಿಯಾ ತಿಂದಳು. ಮನೆಗೆ ಹೋಗುವ ದಾರಿಯಲ್ಲಿ ರೇಡಿಯೋ ಹಾಕಿಕೊಂಡಳು, ಗೊತ್ತಿಲ್ಲದ ಹಾಡಿಗೂ ಗುನುಗಿದಳು.

ಮರುದಿನ ಮರ್ಯಾದೆಗೆಂದು ಮ್ಯಾರೆನ್‌ಗೆ ಫೋನ್ ಮಾಡಿದಳು. ಇನ್ನೂ ಎಳೆಯ ದನಿ. ಏಳು ಕೌಂಟಿಗಳಿಗೆ ತಾನೊಬ್ಬಳೇ ಎಂದು ಹೇಳಿಕೊಂಡಳು.

"ಹೌದಾ, ನಿಮ್ಮನ್ನೇ ಆರಿಸ್ಕೊಂಡ್ರಾ," ಎಂದಳು. "ಹಾಗಾದ್ರೆ ರಾತ್ರಿ ನರ್ಸನ್ನ ಬೇಡ ಅಂತ ಹೇಳ್ಬಿಡ್ತೀನಿ."

"ಯಾವ ನರ್ಸು?"

"ನಾನು ಅವರಿಗೆ ಹೇಳಿದೀನಲ್ಲ! ವಾರಕ್ಕೆ ನಾಲ್ಕು ರಾತ್ರಿ, ಹತ್ತರಿಂದ ಬೆಳಿಗ್ಗೆ ಆರು. ಮಂಜೂರಾಗಿದೆ, ಜನಾನೂ ಸಿಕ್ಕಿದಾರೆ. ಆದ್ರೆ ನಮ್ಮ ಯೋಜನೇಲಿ ಇರೋ ಮಕ್ಕಳಿಗೆ ಮಾತ್ರ ಅದು. ಮೂರು ಸಲ ಹೇಳ್ದೆ. ಪ್ರತಿ ಸಲಾನೂ ಚರ್ಚಿಗೆ ಹೊತ್ತಾಯ್ತು ಅಂತ ಇಟ್ಟುಬಿಟ್ರು."

ಡೆಲ್ಫಿಯಾಳಿಗೆ ಆ ಮನೆಯ ರಾತ್ರಿಗಳು ಗೊತ್ತಿದ್ದವು. ಹಾಲೂಡಿಸುವ ಯಂತ್ರ ಎರಡು ಗಂಟೆಗೊಮ್ಮೆ ಕೂಗುತ್ತದೆ. ಅರವತ್ತೆಂಟರ ಅರ್ಡೆಲ್ ಹಾಸಿಗೆಗೆ ಹೋಗುವುದಿಲ್ಲ, ಮಗುವಿನ ಪಕ್ಕ ಕುರ್ಚಿಯಲ್ಲೇ ಕೂತು ತೂಕಡಿಸುತ್ತಾಳೆ. ಹದಿನೈದು ದಿನದ ಕೆಳಗೆ ಹಾಲಿನ ಕೊಳವೆ ಕೈಯಲ್ಲಿ ಹಿಡಿದೇ ನಿದ್ದೆ ಹೋಗಿ, ಎಚ್ಚರಾದಾಗ ಹಾಲು ನೆಲದ ತುಂಬಾ ಹರಿದಿತ್ತು, ಮಗುವಿನ ಹೊಟ್ಟೆ ಖಾಲಿ. ಅದನ್ನು ಅವಳು ಜೋಕಿನ ಹಾಗೆ ಹೇಳಿದ್ದಳು. ಹಾಲಿನ ಬದಲು ಆಕ್ಸಿಜನ್ ಕೊಳವೆ ಜಾರಿದ್ದರೆ?

ಕೌಂಟಿ ಕಚೇರಿಗೆ ಅಂಥ ನರ್ಸನ್ನು ಕೊಡಿಸುವ ಶಕ್ತಿ ಇರಲಿಲ್ಲ. ಡೆಲ್ಫಿಯಾ ಒಂದು ವರ್ಷದಿಂದ ಅರ್ಜಿ ಹಾಕಿ ಸೋತಿದ್ದಳು. ಈಗ ಅವಳು ಅರ್ಡೆಲ್‌ಗೆ, ನನ್ನನ್ನು ಬಿಡಿ, ಅವಳನ್ನು ಹಿಡಿಯಿರಿ ಎಂದು ಹೇಳುವ ಹಾಗೂ ಇಲ್ಲ. ಬಿಟ್ಟಮೇಲೆ ಸುಮ್ಮನೆ ನೋಡಲು ಹೋಗುವ ಹಾಗೂ ಇಲ್ಲ. ಫೈಲು ಮುಚ್ಚಿದ ಮನೆಗೆ ಎರಡು ವರ್ಷ ಸ್ನೇಹದಿಂದಲೂ ಕಾಲಿಡಬಾರದೆಂದು ಕೆಲಸಕ್ಕೆ ಸೇರುವಾಗಲೇ ಸಹಿ ಮಾಡಿಸಿಕೊಂಡಿದ್ದರು.

ಹಾಳೆ ಚೀಲದಲ್ಲೇ ಉಳಿಯಿತು. ಶನಿವಾರ, ಭಾನುವಾರ ಕಳೆಯಿತು. ಅದು ಶೇಲಿನ್ ಇಲ್ಲದ ವಾರ. ಸೋಮವಾರ ಟ್ವಾಯ್ಲಾ ಕೇಳಿದಳು, "ಕೊಡೇ ಹಾಳೇನ, ಗೆದ್ದೆಯಂತಲ್ಲ."

"ಮನೇಲಿ ಮರೆತು ಬಂದೆ."

"ನೀನಾ? ಮರೆತೆಯಾ? ಹೋದ ವರ್ಷ ನಾನು ಎರವಲು ತಗೊಂಡ ಕೊಡೆ ಬಣ್ಣ ಇನ್ನೂ ನೆನಪಿಟ್ಕೊಂಡಿರೋಳು ನೀನು."

ಅದನ್ನು ಕೊಟ್ಟುಬಿಟ್ಟರೆ ಯಾರೂ ಏನೂ ಕೇಳುತ್ತಿರಲಿಲ್ಲ. ಅಜ್ಜಿಯದೇ ಸಹಿ, ಅಜ್ಜಿಯದೇ ತೀರ್ಮಾನ, ನಿಯಮದ ಪ್ರಕಾರ ಎಲ್ಲ ಸರಿ. ಮಂಗಳವಾರ ಬೆಳಿಗ್ಗೆ ಕಚೇರಿಯ ಕಾರು ನಿಲ್ಲಿಸುವ ಜಾಗದಲ್ಲಿ, ಕಾರಿನಿಂದ ಇಳಿಯದೆ ಡೆಲ್ಫಿಯಾ ಮ್ಯಾರೆನ್‌ಗೆ ಫೋನ್ ಮಾಡಿದಳು.

"ಗುರುವಾರ ನೀನೇ ಬಾ. ನಾನೂ ಇರ್ತೀನಿ."

"ನನಗೆ ಎರಡು ಗಂಟೆ ದಾರಿ ಆಗುತ್ತೆ. ಮತ್ತೆ, ನಿಮ್ಮ ಹೆಸರಿಗೆ ಗುರುತು ಹಾಕಿದಾರಲ್ಲ?"

"ಹಾಳೆ ಇನ್ನೂ ನನ್ನ ಹತ್ರಾನೇ ಇದೆ. ಬಾ."

ಮಾತಾಡಬಾರದು ಎಂದು ಬರೆದಿತ್ತು. ಕರೆದುಕೊಂಡು ಬರಬಾರದು ಎಂದು ಎಲ್ಲೂ ಬರೆದಿರಲಿಲ್ಲ.

ಗುರುವಾರ ಡೆಲ್ಫಿಯಾ ಹೋಗಿ ಕಾರು ನಿಲ್ಲಿಸಿದ ಐದು ನಿಮಿಷಕ್ಕೆ ಮ್ಯಾರೆನ್‌ಳ ಕೆಂಪು ಕಾರು ಬಂತು. ಇಳಿದವಳು ಉದ್ದನೆಯ, ಹುಬ್ಬೂ ಕಾಣದಷ್ಟು ಬೆಳ್ಳಗಿನ ಹುಡುಗಿ; ಬಿಸಿಲಿಗೆ ಆಗಲೇ ಕೆನ್ನೆ ಕೆಂಪಗಾಗಿತ್ತು. ಅರ್ಡೆಲ್ ಜಗುಲಿಯ ಮೇಲೆ ಮಗುವನ್ನು ಸೊಂಟಕ್ಕೇರಿಸಿಕೊಂಡು ನಿಂತಿದ್ದಳು. ಬಾಗಿಲಿಗೆ ಅಡ್ಡವಾಗಿಯೇ ನಿಂತಿದ್ದಳು.

"ಯಾರ ಪೈಕಿ ನೀನು?"

"ನಾನು ಮ್ಯಾರೆನ್ ಟಾಲೆಫ್ಸನ್, ಮೇಡಂ. ಫೋನಲ್ಲಿ…"

"ಹೆಸರು ಕೇಳ್ಲಿಲ್ಲ ನಾನು."

ಹುಡುಗಿ ಡೆಲ್ಫಿಯಾಳ ಮುಖ ನೋಡಿದಳು. "ನಮ್ಮೋರೆಲ್ಲ ಮಿನೆಸೋಟಾದಲ್ಲಿದಾರೆ. ಇಲ್ಲಿ ನನಗೆ ಯಾರೂ ಇಲ್ಲ, ಮೇಡಂ."

ಅರ್ಡೆಲ್‌ಳ ಮುಖ ಬಿಗಿದುಕೊಂಡಿತು. ಅದನ್ನು ಡೆಲ್ಫಿಯಾ ಬಲ್ಲಳು; ಇನ್ನು ಅರೆನಿಮಿಷದಲ್ಲಿ ಮಗುವಿಗೆ ನಿದ್ದೆ ಬಂತು ಎಂದು ಹೇಳಿ ಒಳಗೆ ಹೋಗುತ್ತಾಳೆ. ತಾನು ಸುಮ್ಮನಿದ್ದರೆ ಸಾಕಿತ್ತು.

"ನನ್ನ ಪೈಕಿ," ಎಂದಳು ಡೆಲ್ಫಿಯಾ.

"ಏನಂದೆ?"

"ಲವೀಡಿಯಾ ಮನೆ ಕಡೆಯವಳು ಅಂದ್ಕೊಳ್ಳಿ, ಮಿಸ್ ಅರ್ಡೆಲ್. ಹೆಚ್ಚುಕಮ್ಮಿ ಆದ್ರೆ ನಮ್ಮಮ್ಮನ ಹೆಸರು ಹಿಡಿದು ಬೈರಿ."

ಅರ್ಡೆಲ್ ಹುಡುಗಿಯನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. "ಮೆಕ್ಕೆಜೋಳದ ಕೂದಲಿನ ಹಾಗಿದಾಳೆ, ಇವಳು ಲವೀಡಿಯಾ ಕಡೆಯೋಳಾ? ಲವೀಡಿಯಾ ಗೋರಿಯಿಂದ ಎದ್ದು ಬಂದು ನಿನ್ನ ಕಪಾಳಕ್ಕೆ ಬಾರಿಸ್ತಾಳೆ." ಆದರೆ ಬಾಗಿಲಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು. "ಬಾ. ಕೈ ತೊಳ್ಕೊ ಮೊದ್ಲು, ಮಗೂನ ಮುಟ್ಟೋಕೆ ಮುಂಚೆ."

ಒಳಗೆ ಮ್ಯಾರೆನ್ ನೆಲದ ಮೇಲೆಯೇ ಕೂತಳು. ನಾಲ್ಕು ರಾತ್ರಿಯ ನರ್ಸಿನ ವಿಷಯ ಹೇಳಿದಳು. ಡೆಲ್ಫಿಯಾ ಟ್ವಾಯ್ಲಾ ಹೇಳಿದಂತೆ ಗೋಡೆ ನೋಡುತ್ತಾ ಕೂತಳು.

"ನಾಲ್ಕು ರಾತ್ರಿ? ನಾನು ಹಾಸಿಗೇಲಿ ಮಲಗ್ಬೋದಾ?"

"ಬಾಗಿಲು ಹಾಕ್ಕೊಂಡು ಮಲಗ್ಬೋದು, ಮೇಡಂ."

"ಇದನ್ನ ಫೋನಲ್ಲಿ ಬೊಗಳೋಕೇನಾಗಿತ್ತು ನಿನಗೆ?"

"ಮೂರು ಸಲ ಬೊಗಳಿದೆ, ಮೇಡಂ. ನೀವು ಚರ್ಚಿಗೆ ಹೋಗ್ಬಿಟ್ರಿ."

ಅರ್ಡೆಲ್ ಕಣ್ಣು ಕಿರಿದು ಮಾಡಿ ಅವಳನ್ನೇ ನೋಡಿದಳು, ಆಮೇಲೆ ಹೊಟ್ಟೆ ಕುಲುಕಿಸಿ ನಕ್ಕಳು. ಹಾಗೆ ನಗುತ್ತಿದ್ದವಳು ಡೆಲ್ಫಿಯಾಳ ಕಡೆ ತಿರುಗಿ, "ಸರಿ, ಇವಳಿಗೂ ಒಂದು ಗುರುತು ಹಾಕ್ತೀನಿ. ಇಬ್ರೂ ಇರಿ," ಎಂದಳು.

"ಇಬ್ಬರು ಇರೋ ಹಾಗಿಲ್ಲ. ಹೋದ ವಾರ ಓದಿದೆನಲ್ಲ."

"ಹೋಗ್ಲಿ. ಹಾಳೇಲಿ ಬೇಡ. ಲವೀಡಿಯಾ ಮಗಳಾಗಿ ಬಾ, ಅದನ್ನ ಯಾರು ಕೇಳ್ತಾರೆ?"

"ಎರಡು ವರ್ಷ ಅದೂ ಆಗಲ್ಲ, ಮಿಸ್ ಅರ್ಡೆಲ್."

ಅರ್ಡೆಲ್‌ಳ ನಗು ಇಂಗಿತು. "ಗೊತ್ತಿತ್ತಾ ನಿನಗೆ?"

"ಗೊತ್ತಿತ್ತು."

"ಗೊತ್ತಿದ್ದೇ ಕರ್ಕೊಂಡು ಬಂದೆ."

ಡೆಲ್ಫಿಯಾ ಹೊಸ ಹಾಳೆಯನ್ನು ಮುಂದಿಟ್ಟಳು. ಮೂರು ವಾಕ್ಯಗಳನ್ನು ಮತ್ತೆ ಓದಿದಳು, ದನಿ ಅತ್ತಿತ್ತ ಆಗದಂತೆ. ಅರ್ಡೆಲ್ ಈ ಸಲ ಪೆನ್ನನ್ನು ಬಹಳ ಹೊತ್ತು ಹಿಡಿದುಕೊಂಡಿದ್ದಳು. ಕೊನೆಗೆ ಮ್ಯಾರೆನ್ ಹೆಸರಿಗೆ ಗುರುತು ಹಾಕಿ, ಹಾಳೆಯನ್ನು ಡೆಲ್ಫಿಯಾಗೆ ಕೊಡದೆ ಮೇಜಿನ ಮೇಲೆ ದೂಡಿ, ಒಲೆಯ ಕಡೆ ತಿರುಗಿ ನಿಂತಳು.

"ಎಷ್ಟೊಂದು ಓದಿದೀಯ ನೀನು," ಎಂದಳು ಬೆನ್ನು ಹಾಕಿಕೊಂಡೇ. "ನಿಮ್ಮಮ್ಮ ಇಷ್ಟು ಓದಿರ್ಲಿಲ್ಲ."

ಮ್ಯಾರೆನ್‌ಳ ಮೊದಲ ಭೇಟಿ ಲೆಕ್ಕಕ್ಕೆ ಬರಬೇಕಾದರೆ ಮನೆಯವರೊಂದಿಗೆ ಅವಳೊಬ್ಬಳೇ ಇರಬೇಕು. ಡೆಲ್ಫಿಯಾ ಬಗ್ಗಿ ಕೇಸನ್‌ನ ತಲೆ ಮುಟ್ಟಿದಳು. ಅವನು ಮುಚ್ಚಳ ತಿರುಗಿಸುವುದರಲ್ಲಿ ಮುಳುಗಿದ್ದ, ತಲೆ ಎತ್ತಲಿಲ್ಲ. ಅವಳು ಹೊರಗೆ ಬಂದಳು.

ಹೊರಗೆ ಬಂದು ನೋಡಿದರೆ ಕೆಂಪು ಕಾರು ಅವಳ ಕಾರಿನ ಹಿಂದೆ ಅಂಟಿಕೊಂಡ ಹಾಗೆ ನಿಂತಿತ್ತು. ಮುಂದೆ ಜಗುಲಿ, ಒಂದು ಕಡೆ ಚರಂಡಿ, ಇನ್ನೊಂದು ಕಡೆ ಗ್ಯಾಸಿನ ಸಿಲಿಂಡರು. ಅವಳ ಕಾರು ಮುಂದೆಯೂ ಹೋಗದು, ಹಿಂದೆಯೂ ಬಾರದು.

ಒಳಗೆ ಹೋಗಿ ಒಂದು ಮಾತು ಹೇಳಿದರೆ ಆಗುತ್ತಿತ್ತು. ಅವಳು ಜಗುಲಿಯ ಮೆಟ್ಟಿಲವರೆಗೆ ಹೋದಳು. ಆಮೇಲೆ ವಾಪಸು ಬಂದು ಕಾರಿನಲ್ಲಿ ಕೂತು, ಗಾಜು ಇಳಿಸಿದಳು.

ಮನೆಯ ಕಿಟಕಿಯಿಂದ ಮಾತು ಕೇಳುತ್ತಿತ್ತು, ಆದರೆ ಯಾವ ಮಾತು ಎಂದು ತಿಳಿಯುತ್ತಿರಲಿಲ್ಲ. ಮೊದಮೊದಲು ಹುಡುಗಿಯ ದನಿಯೇ ಹೆಚ್ಚು. ಬರಬರುತ್ತಾ ಅರ್ಡೆಲ್‌ಳದು ಸೇರಿಕೊಂಡಿತು. ಒಮ್ಮೆ ಪಾತ್ರೆ ಬಿದ್ದ ಸದ್ದು, ಅದರ ಹಿಂದೆಯೇ ಇಬ್ಬರ ನಗು. ಸೊಪ್ಪು ಬಿಸಿಮಾಡುವ ವಾಸನೆ ಅಂಗಳದವರೆಗೂ ಬಂತು. ಹೊಲದಲ್ಲಿ ಯಾರೋ ಟ್ರ್ಯಾಕ್ಟರ್ ತಿರುಗಿಸಿ ಮನೆಗೆ ಹೊರಟರು. ಡೆಲ್ಫಿಯಾ ಎರಡು ಸಲ ಗಡಿಯಾರ ನೋಡಿದಳು. ಮೂರನೆಯ ಸಲ ನೋಡಲಿಲ್ಲ.

ಮುಕ್ಕಾಲು ಗಂಟೆಯ ಮೇಲೆ ಮ್ಯಾರೆನ್ ಏನೋ ಕಾಗದ ತೆಗೆದುಕೊಳ್ಳಲು ಕಾರಿನ ಕಡೆ ಬಂದವಳು ಬೆಚ್ಚಿದಳು.

"ಅಯ್ಯೋ ದೇವರೇ! ನನ್ನ ಕಾರು ಅಡ್ಡ ಇದೆಯಾ? ಒಂದು ಮಾತು ಕೂಗೋದಲ್ವಾ ನೀವು?"

"ಫೋನಲ್ಲಿ ಮಾತಾಡ್ತಾ ಇದ್ದೆ," ಎಂದಳು ಡೆಲ್ಫಿಯಾ. ಫೋನು ಪಕ್ಕದ ಸೀಟಿನ ಮೇಲೆ ಕವುಚಿಕೊಂಡು ಬಿದ್ದಿತ್ತು.

"ಊಟ ಮಾಡ್ಕೊಂಡೇ ಹೋಗ್ಬೇಕಂತೆ ನಾನು. ತಿನ್ಬೋದಾ? ನಿಯಮ ಇದೆಯಲ್ಲ?"

"ತಿನ್ನು," ಎಂದಳು ಡೆಲ್ಫಿಯಾ. "ಬೇಡ ಅಂದ್ರೆ ಮತ್ತೆ ಬಾಗಿಲು ತೆಗಿಯಲ್ಲ."

ಮ್ಯಾರೆನ್ ಕಾರನ್ನು ಸೊಟ್ಟಸೊಟ್ಟಾಗಿ ಹಿಂದಕ್ಕೆ ತೆಗೆದು ರಸ್ತೆಯ ಅಂಚಿನ ಹುಲ್ಲಿನ ಮೇಲೆ ನಿಲ್ಲಿಸಿದಳು. ಡೆಲ್ಫಿಯಾ ಹಿಂದಕ್ಕೆ ಬಂದು, ತಿರುಗಿಸಿಕೊಂಡು, ಕೈಯೆತ್ತಿ ಹೊರಟಳು. ಸ್ವಲ್ಪ ದೂರ ಹೋಗಿ ಕನ್ನಡಿಯಲ್ಲಿ ನೋಡಿದಾಗ ಕೆಂಪು ಕಾರು ಮತ್ತೆ ಅಂಗಳಕ್ಕೆ ನುಗ್ಗಿ, ಅವಳ ಕಾರು ನಿಂತಿದ್ದ ಜಾಗದಲ್ಲಿ, ಜಗುಲಿಗೆ ಹತ್ತಿರವಾಗಿ ನಿಲ್ಲುತ್ತಿತ್ತು.